ಅಣ್ಣನ ಮಗಳ ಕೈಗೆ ಕೊಟ್ಟ ಫೇರ್‌ಫೋನ್ 5

ಫೇರ್‌ಫೋನ್ ನೆದರ್ಲೆಂಡ್ಸ್‌ನ ಕಂಪನಿ; ಸುಲಭವಾಗಿ ಬಿಚ್ಚಿ ರಿಪೇರಿ ಮಾಡಬಲ್ಲ, ಕೂಲಿಯಲ್ಲೂ ಲೋಹದಲ್ಲೂ ನ್ಯಾಯ ನೋಡುವ ಫೋನು ಮಾಡ್ತೀವಿ ಅನ್ನುತ್ತದೆ. ಅವರ ಫೇರ್‌ಫೋನ್ 5ರ ಬೆಲೆ ಮೊದಲು ಹೇಳಿಬಿಡ್ತೀನಿ. 2023ರಲ್ಲಿ ಬಿಡುಗಡೆಯಾದಾಗ 699 ಯೂರೋ. ಅಷ್ಟೇ ದುಡ್ಡಿಗೆ ನಾನಿರುವ, ಅದೇ ದೇಶದ ಉಟ್ರೆಕ್ಟ್‌ನ ಯಾವ ಅಂಗಡಿಗೆ ಹೋದರೂ ಇದಕ್ಕಿಂತ ತೆಳ್ಳಗಿನ, ವೇಗದ ಫೋನು ಸಿಗುತ್ತದೆ. ಇಯರ್‌ಫೋನ್ ಚುಚ್ಚೋಕೆ ತೂತಿಲ್ಲ, ಡಬ್ಬದಲ್ಲಿ ಚಾರ್ಜರ್ ಇಲ್ಲ, ತೂಕ 212 ಗ್ರಾಂ. ಒಳಗಿರುವುದು ಕ್ವಾಲ್‌ಕಾಮ್‌ನವರು ಕಾರ್ಖಾನೆ ಯಂತ್ರಗಳಿಗೆಂದು ಮಾಡಿದ ಚಿಪ್ಪು. ಅದನ್ನು ಆರಿಸಿದ್ದು ಜೋರಾಗಿ ಓಡಲಿ ಅಂತಲ್ಲ, ಬಹಳ ವರ್ಷ ಅಪ್‌ಡೇಟ್ ಸಿಗುತ್ತದೆ ಅಂತ. 2031ರವರೆಗೆ ಸಾಫ್ಟ್‌ವೇರ್ ಕೊಡ್ತೀವಿ ಅನ್ನುತ್ತಾರೆ. 2015ರಲ್ಲಿ ತಂದ ಫೇರ್‌ಫೋನ್ 2ನ್ನು 2023ರವರೆಗೆ ನಡೆಸಿದವರು, ಹಾಗಾಗಿ ಮಾತು ನಂಬಬಹುದು.

ಆದರೆ ಈ ಫೋನಿಗೆ ಸರಿಯಾದ ಪರೀಕ್ಷೆ ಮಾಡಿದ್ದು ನಾನಲ್ಲ, ಬಂಗಾರಪೇಟೆಯಲ್ಲಿರುವ ನಮ್ಮಣ್ಣನ ಮಗಳು. ಅವಳು ನರಸಾಪುರದ ಕಡೆ ಫೋನ್ ಜೋಡಿಸುವ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾಳೆ. ಶಿಫ್ಟು ಪೂರ್ತಿ ಸಾಸಿವೆಗಿಂತ ಸಣ್ಣ ಸ್ಕ್ರೂ ಬಿಗಿಯುವ ಕೆಲಸ. ಹೋದ ಸಲ ಊರಿಗೆ ಹೋದಾಗ ಫೋನನ್ನು ಅವಳ ಕೈಗೆ ಕೊಟ್ಟೆ. ಉಗುರಿನಿಂದ ಹಿಂದಿನ ಮುಚ್ಚಳ ಎಬ್ಬಿಸಿದಳು, ಬ್ಯಾಟರಿ ಕೈಯಲ್ಲೇ ಎತ್ತಿದಳು, ನನ್ನ ಚಿಕ್ಕ ಸ್ಕ್ರೂಡ್ರೈವರ್ ತಗೊಂಡು ಕಾಫಿ ಆರುವಷ್ಟರಲ್ಲಿ ಪರದೆಯನ್ನೂ ಬಿಚ್ಚಿಟ್ಟಳು. "ಅತ್ತೆ, ಇದರಲ್ಲಿ ಅಂಟೇ ಇಲ್ಲವಲ್ಲ! ಬಿಚ್ಚಲಿ ಅಂತಲೇ ಮಾಡಿದಾರೆ." ಅಷ್ಟರಲ್ಲೇ ಮತ್ತೊಂದು ಪ್ರಶ್ನೆ: "ಇದನ್ನ ಜೋಡಿಸಿದೋರಿಗೆ ಎಷ್ಟು ಕೊಡ್ತಾರೆ?"

ಜೋಡಿಸುವುದು ಚೀನಾದಲ್ಲಿ. ಅಲ್ಲಿನ ಮಾಮೂಲಿ ಸಂಬಳಕ್ಕೂ ಒಂದು ಕುಟುಂಬ ಮರ್ಯಾದೆಯಿಂದ ಬಾಳಲು ಬೇಕಾಗುವ ಸಂಬಳಕ್ಕೂ ನಡುವಿನ ಕೊರತೆ ತುಂಬಲು ಕಂಪನಿ ಪ್ರತಿ ಫೋನಿಗೆ ಇಷ್ಟು ಅಂತ ಬೋನಸ್ ಕೊಡುತ್ತದೆ. ಫೋನಿನ ಬೆಲೆಯ ಮುಂದೆ ಅದು ಚಿಲ್ಲರೆ ದುಡ್ಡು. ಇದು ನನ್ನನ್ನು ಖುಷಿಪಡಿಸುವುದಕ್ಕಿಂತ ಹೆಚ್ಚು ಸಿಟ್ಟಿಗೆಬ್ಬಿಸುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಆಗುವ ಕೆಲಸವನ್ನು ವರ್ಷಕ್ಕೆ ನೂರು ಕೋಟಿಗೂ ಹೆಚ್ಚು ಫೋನು ಮಾರುವ ಉಳಿದ ಲೋಕ ಯಾಕೆ ಮಾಡುವುದಿಲ್ಲ? ಫೇರ್‌ಫೋನ್ ಮಾರುವುದು ವರ್ಷಕ್ಕೆ ಸುಮಾರು ಒಂದು ಲಕ್ಷ. ನರಸಾಪುರದಲ್ಲಿ 2020ರ ಡಿಸೆಂಬರ್ 12ರಂದು ಆಪಲ್‌ಗೆ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯ ಗಾಜು ಪುಡಿಯಾದದ್ದು ಸಂಬಳದ ಜಗಳದಿಂದಲೇ. ಆಮೇಲೆ ಆ ಕಂಪನಿ ಕ್ಷಮೆ ಕೇಳಿತು, ಆಪಲ್ ಅದನ್ನು ಪ್ರೊಬೇಷನ್‌ನಲ್ಲಿಟ್ಟಿತು, 2023ರಲ್ಲಿ ಟಾಟಾದವರು ಕೊಂಡರು. ಚೀನಾ ಬಿಟ್ಟು ಬರುವ ಕೆಲಸಕ್ಕೆ ನಾವು ಬಾಗಿಲು ತೆರೆದಿದ್ದೇವೆ, ಒಳ್ಳೆಯದೇ. ಸಂಬಳದ ಲೆಕ್ಕ ಮಾತ್ರ ಹಳೆಯದೇ ಬರುತ್ತಿದೆಯೋ ಅನ್ನೋ ಅನುಮಾನ ನನಗೆ.

ಇನ್ನು ಲೋಹ. ಫೋನಿನ 14 ಮುಖ್ಯ ವಸ್ತುಗಳಲ್ಲಿ ಶೇ. 70ಕ್ಕಿಂತ ಹೆಚ್ಚು ಭಾಗ ನ್ಯಾಯವಾಗಿ ತೆಗೆದದ್ದು ಅಥವಾ ಮರುಬಳಕೆಯದ್ದು ಅನ್ನುತ್ತದೆ ಕಂಪನಿ. ಇಂಥ ಮಾತನ್ನು ನಮ್ಮೂರಿನವರು ಸುಮ್ಮನೆ ಒಪ್ಪುವುದಿಲ್ಲ. ಪಕ್ಕದ ಕೆ.ಜಿ.ಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿ ತೋಡಿತು, 2001ರಲ್ಲಿ ಗಣಿ ಮುಚ್ಚಿತು. ಚಿನ್ನ ಹೊರಗೆ ಹೋಯಿತು, ಸಯನೈಡ್ ಬೆರೆತ ಮಣ್ಣಿನ ದಿಬ್ಬಗಳು ನಮಗೆ ಉಳಿದವು. ಬೇಸಿಗೆಯ ಗಾಳಿಗೆ ಆ ಧೂಳು ಮನೆಯೊಳಗೇ ಬರುತ್ತದೆ. ಕಾಂಗೋದ ಕೊಲ್ವೆಜಿಯಲ್ಲಿ ಫೋನಿನ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹವನ್ನು ಕೈಯಿಂದಲೇ ಅಗೆಯುವವರ ಬಗ್ಗೆ ಓದುವಾಗ ನನಗೆ ಅದು ದೂರದ ಕಥೆ ಅನ್ನಿಸುವುದೇ ಇಲ್ಲ.

ಜಗತ್ತಿನ ಕೋಬಾಲ್ಟಿನ ಬಹುಪಾಲು ಕಾಂಗೋದ್ದು, ಶುದ್ಧ ಮಾಡುವ ಬಹುಪಾಲು ಕಾರ್ಖಾನೆ ಚೀನಾದಲ್ಲಿ. ಅಲ್ಲಿನ ಟೆಂಕೆ ಫುಂಗುರುಮೆ ಗಣಿಯಲ್ಲಿ ಅಮೆರಿಕದ ಫ್ರೀಪೋರ್ಟ್‌ಗಿದ್ದ ಪಾಲನ್ನು 2016ರಲ್ಲಿ ಕೊಂಡದ್ದೂ ಚೀನಾದ ಕಂಪನಿಯೇ. ಹಾಗಾಗಿ ಗಣಿಗಳನ್ನು ಸುಧಾರಿಸಲು 2020ರಲ್ಲಿ ಫೇರ್ ಕೋಬಾಲ್ಟ್ ಅಲಯನ್ಸ್ ಅನ್ನೋ ಕೂಟ ಕಟ್ಟಿದಾಗ ಫೇರ್‌ಫೋನ್ ಜೊತೆಗೆ ಕೋಬಾಲ್ಟ್ ಶುದ್ಧ ಮಾಡುವ ಚೀನಾದ ಹುವಾಯೂ ಕಂಪನಿ ಕೂಡ ಕೂತಿತು. ಇಲ್ಲಿನ ಕೆಲವು ಗೆಳೆಯರಿಗೆ ಇದು ಇರುಸುಮುರುಸು. ನನ್ನನ್ನು ಕೇಳಿದರೆ ಅದೊಂದೇ ಈ ಇಡೀ ಯೋಜನೆಯಲ್ಲಿ ಬುದ್ಧಿವಂತಿಕೆಯ ಕೆಲಸ. ಅದಿರು ಕರಗಿಸುವವರನ್ನು ಬಿಟ್ಟು ಯಾರ ಜೊತೆ ಮಾತಾಡೋದು? ಕಾಂಗೋ ಸರ್ಕಾರವೂ ಈಗ ಸುಮ್ಮನೆ ಕೂತಿಲ್ಲ. 2025ರ ಫೆಬ್ರವರಿಯಲ್ಲಿ ಕೋಬಾಲ್ಟ್ ರಫ್ತನ್ನೇ ನಿಲ್ಲಿಸಿ, ಅಕ್ಟೋಬರ್‌ನಿಂದ ಇಷ್ಟೇ ಕಳಿಸಬಹುದು ಅನ್ನೋ ಕೋಟಾ ತಂದಿತು. ಬೆಲೆ ಯಾರೋ ಕಟ್ಟುವ ಕಾಲ ಮುಗಿಯಲಿ ಅನ್ನೋ ಹಟ ಅದು.

ಯೂರೋಪಿನ ಕಾನೂನು ಓದಿದರೆ ನಗು ಬರುತ್ತದೆ. ಯುದ್ಧಪೀಡಿತ ನಾಡುಗಳ ತವರ, ಟ್ಯಾಂಟಲಮ್, ಟಂಗ್‌ಸ್ಟನ್, ಚಿನ್ನದ ಮೂಲ ತಪಾಸಣೆ ಮಾಡಬೇಕು ಅನ್ನೋ ನಿಯಮ 2021ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದು ಅದಿರು, ಲೋಹ ತರಿಸುವವರಿಗೆ ಮಾತ್ರ. ಅದೇ ಟ್ಯಾಂಟಲಮ್ ಚೀನಾದಲ್ಲಿ ಫೋನಿನೊಳಗೆ ಸೇರಿ ಬಂದರೆ ಯಾರೂ ಕೇಳುವುದಿಲ್ಲ. ಕೋಬಾಲ್ಟ್ ಆ ಪಟ್ಟಿಯಲ್ಲೇ ಇಲ್ಲ. ಕೆಲಸಕ್ಕೆ ಬಂದ ಕಾನೂನು ಬೇರೆಯದು: 2025ರ ಜೂನ್ 20ರಿಂದ ಇಲ್ಲಿ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನುಗಳಿಗೆ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಕೊಡಬೇಕು. ಭಾರತದಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಇದೆ, ಇಂಥ ಕಡ್ಡಾಯವಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿ ಹುಡುಗರು ಇರುವತನಕ ಅದರ ಕೊರತೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಕೊಳ್ಳಬಹುದಾ? ಯೂರೋಪಿನಲ್ಲಿದ್ದು, ಫೋಟೊ ಹುಚ್ಚಿಲ್ಲದೆ, ಒಂದೇ ಫೋನನ್ನು ಆರೇಳು ವರ್ಷ ಇಟ್ಟುಕೊಳ್ಳುವವರಾದರೆ ಧಾರಾಳವಾಗಿ. ಊರಿಗೆ ಕಳಿಸೋಕೆ ಬೇಡ, ಭಾರತದಲ್ಲಿ ಅಧಿಕೃತ ಮಾರಾಟವಿಲ್ಲ, ಬಿಡಿಭಾಗ ನೀವೇ ಹೊತ್ತೊಯ್ಯಬೇಕು. 2025ರಲ್ಲಿ ಬಂದ ಆರನೆಯದು ಆಗ 599 ಯೂರೋ, ಹಗುರ, ಚೆಂದ. ಅದರ ಬ್ಯಾಟರಿ ತೆಗೆಯೋಕೂ ಸ್ಕ್ರೂಡ್ರೈವರ್ ಬೇಕು ಅಂತ ಅಣ್ಣನ ಮಗಳಿಗೆ ಹೇಳಿದೆ. "ಹಂಗಾದ್ರೆ ಐದನೇದೇ ಇಟ್ಕೊ ಅತ್ತೆ" ಅಂದಳು. ಇಟ್ಟುಕೊಂಡಿದ್ದೇನೆ.