ಆರು ಸಂಪುಟಗಳ ಸಾಹಸ ಒಂದೇ ರಟ್ಟಿನೊಳಗೆ: ‘ರೈಸ್ ಆಫ್ ದಿ ರೂನ್‌ಲಾರ್ಡ್ಸ್’ ಆನಿವರ್ಸರಿ ಎಡಿಷನ್

ಅಮೆರಿಕದ ಪೈಜೋ ಸಂಸ್ಥೆ 2012ರಲ್ಲಿ ಹೊರತಂದ ‘ರೈಸ್ ಆಫ್ ದಿ ರೂನ್‌ಲಾರ್ಡ್ಸ್’ ಆನಿವರ್ಸರಿ ಎಡಿಷನ್, ಪಾತ್‌ಫೈಂಡರ್ ಎಂಬ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಕ್ಕಾಗಿ ಬರೆದ ದೀರ್ಘ ಸಾಹಸಕಥೆ. ಗಟ್ಟಿ ರಟ್ಟು, 400ಕ್ಕೂ ಹೆಚ್ಚು ಬಣ್ಣದ ಪುಟಗಳು, ಪಾತ್ರಗಳು ಒಂದನೇ ಲೆವೆಲ್‌ನಿಂದ (ಸಾಮರ್ಥ್ಯದ ಮಟ್ಟ) ಹೊರಟು ಹದಿನೇಳರ ಆಸುಪಾಸಿಗೆ ಏರುವಷ್ಟು ವಿಸ್ತಾರ. ಇದೇ ಕಥೆ 2007ರ ಆಗಸ್ಟ್‌ನಿಂದ 2008ರ ಆರಂಭದವರೆಗೆ ತಲಾ 96 ಪುಟಗಳ ಆರು ಬಿಡಿ ಸಂಪುಟಗಳಾಗಿ ಬಂದಿತ್ತು. ಸರಣಿಯಾಗಿ ಪ್ರಕಟವಾಗುವ ಸಾಹಸಕಥೆಯಲ್ಲಿ, ಕೊನೆ ಏನೆಂದು ತಿಳಿಯುವ ಮೊದಲೇ ಆರಂಭವನ್ನು ಆಡಿಸಬೇಕಾಗಿ ಬರುವುದೇ ಅತಿ ದೊಡ್ಡ ತೊಡಕು. ಬಿಡಿ ಸಂಪುಟಗಳನ್ನೂ ಈ ಒಟ್ಟು ಪುಸ್ತಕವನ್ನೂ ಓದಿ, ಇದರಿಂದ ಆಟ ನಡೆಸಿದ ಮೇಲೆ, ಈ ಆವೃತ್ತಿಯ ನಿಜವಾದ ಬೆಲೆ ಆ ತೊಡಕನ್ನು ನಿವಾರಿಸಿರುವುದರಲ್ಲಿದೆ ಎಂದು ನನಗೆ ಅನ್ನಿಸಿದೆ.

ಈ ಬಗೆಯ ಆಟದ ಪರಿಚಯವಿಲ್ಲದವರಿಗೆ ಒಂದು ಮಾತು. ಮೇಜಿನ ಸುತ್ತ ಕುಳಿತ ನಾಲ್ಕೈದು ಜನರಲ್ಲಿ ಒಬ್ಬರು ಗೇಮ್ ಮಾಸ್ಟರ್ ಆಗಿ ಕಥೆಯ ಜಗತ್ತನ್ನು ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವನ್ನು ವಹಿಸಿಕೊಂಡು ತಮ್ಮ ಮಾತನ್ನೂ ನಿರ್ಧಾರಗಳನ್ನೂ ತಾವೇ ಹುಟ್ಟಿಸುತ್ತಾರೆ, ಸಂದೇಹವಿದ್ದಲ್ಲಿ ದಾಳ ತೀರ್ಮಾನಿಸುತ್ತದೆ. ತಾಳಮದ್ದಲೆಯಲ್ಲಿ ಪ್ರಸಂಗದ ಪದ್ಯಗಳು ಗೊತ್ತಿದ್ದು ಅರ್ಥಧಾರಿಯ ಮಾತು ಆ ಕ್ಷಣದ್ದಾಗಿರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಇಲ್ಲಿ ಮುಕ್ತಾಯವೂ ಆಟಗಾರರ ಕೈಯಲ್ಲೇ ಇರುತ್ತದೆ. ಮುದ್ರಿತ ಸಾಹಸಕಥೆಯು ಅವರ ಸ್ವಾತಂತ್ರ್ಯಕ್ಕೆ ಜಾಗ ಬಿಟ್ಟುಕೊಂಡೇ ಮುಂದಿನ ಸಂಪುಟಕ್ಕೂ ದಾರಿ ಮಾಡಿಕೊಡಬೇಕು. ಒಂದೇ ಸಂಪುಟದ ಕಥೆಯಲ್ಲಿ ಇದು ಸಾಧ್ಯ. ಆರು ಸಂಪುಟಗಳಲ್ಲಿ ಪ್ರತಿ ತಿರುವಿನಲ್ಲೂ ಕಷ್ಟ ಹೆಚ್ಚುತ್ತ ಹೋಗುತ್ತದೆ.

ಪೈಜೋ ಈ ಮಾದರಿಯನ್ನು ಕಲಿತದ್ದು ‘ಡಂಜನ್’ ಪತ್ರಿಕೆಯಲ್ಲಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್‌ನ ಪರವಾನಗಿಯಡಿ ಆ ಪತ್ರಿಕೆಯನ್ನು ನಡೆಸುತ್ತಿದ್ದ ಸಂಸ್ಥೆ, ಹಲವು ಸಂಚಿಕೆಗಳಲ್ಲಿ ಮುಂದುವರಿಯುವ ಮೂರು ದೀರ್ಘ ಸರಣಿಗಳನ್ನು ಅಲ್ಲಿ ಪ್ರಕಟಿಸಿತ್ತು. 2007ರಲ್ಲಿ ಪರವಾನಗಿ ನವೀಕರಣವಾಗದೆ ಪತ್ರಿಕೆ ಕೈತಪ್ಪಿದಾಗ, ಆ ಓದುಗರನ್ನು ಉಳಿಸಿಕೊಳ್ಳಲು ಅದೇ ವರ್ಷ ಆರಂಭಿಸಿದ ಮಾಸಿಕ ಪುಸ್ತಕಮಾಲೆಯ ಮೊದಲ ಕಥೆಯೇ ಇದು. ಚಂದಾದಾರರಿದ್ದುದರಿಂದ ಮಾಲೆ ನೆಲೆಯೂರಿತು. ಚಂದಾ ಇಲ್ಲದಿದ್ದರೆ ಇಂಥ ಸರಣಿಯ ಲೆಕ್ಕಾಚಾರ ಬಹಳ ಕಠಿಣ, ಏಕೆಂದರೆ ನಾಲ್ಕನೆಯ ಸಂಪುಟವನ್ನು ಕೊಳ್ಳುವವರು ಮೊದಲ ಮೂರನ್ನು ಕೊಂಡವರೊಳಗಿಂದಲೇ ಬರಬೇಕು, ಮತ್ತು ಆಟದ ಗುಂಪೊಂದು ಮಧ್ಯದಲ್ಲಿ ಚದುರಿದರೆ ಆ ಗಿರಾಕಿಯೂ ಹೋದಂತೆಯೇ.

ತಿಂಗಳಿಗೊಂದು ಪುಸ್ತಕ ಬರಬೇಕಾದರೆ ಹಲವು ಸಂಪುಟಗಳ ಬರವಣಿಗೆ ಏಕಕಾಲದಲ್ಲಿ ನಡೆಯಬೇಕಾಗುತ್ತದೆ. ಈ ಕಥೆಯ ಆರು ಭಾಗಗಳನ್ನು ಆರು ಜನ ಬರೆದಿದ್ದಾರೆ: ಮೊದಲನೆಯದು ಜೇಮ್ಸ್ ಜೇಕಬ್ಸ್ ಅವರದು, ಎರಡನೆಯದು ರಿಚರ್ಡ್ ಪೆಟ್ ಅವರದು, ಕೊನೆಯದು ಗ್ರೆಗ್ ವಾನ್ ಅವರದು. ಮುಂದಿನ ಭಾಗದವರ ಕೈಯಲ್ಲಿ ಇರುವುದು ಒಂದು ರೂಪುರೇಷೆ. ಹಿಂದಿನ ಭಾಗ ಯಾರ ಮೇಜಿನ ಮೇಲೂ ಇನ್ನೂ ಆಡಲ್ಪಟ್ಟಿರುವುದಿಲ್ಲ. ಹೀಗಿದ್ದೂ ಮೊದಲ ಎರಡು ಭಾಗಗಳ ನಡುವಿನ ಬೆಸುಗೆ ನಾನು ಕಂಡವುಗಳಲ್ಲೇ ಅತ್ಯುತ್ತಮವಾದದ್ದು. ಸ್ಯಾಂಡ್‌ಪಾಯಿಂಟ್ ಎಂಬ ಕಡಲತೀರದ ಊರಿನಲ್ಲಿ ಹೊಸ ದೇಗುಲದ ಉತ್ಸವ ನಡೆಯುತ್ತಿರುವಾಗ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರು ದಾಳಿ ಮಾಡುತ್ತಾರೆ. ಆ ಗದ್ದಲದಲ್ಲಿ ಆಟಗಾರರು ಆಲ್ಡರ್ನ್ ಫಾಕ್ಸ್‌ಗ್ಲವ್ ಎಂಬ ಶ್ರೀಮಂತನನ್ನು ಕಾಪಾಡುತ್ತಾರೆ. ಅವನು ಕೃತಜ್ಞತೆಯಿಂದ ಅವರನ್ನು ಹಂದಿ ಬೇಟೆಗೆ ಕರೆಯುತ್ತಾನೆ, ಅವರಲ್ಲಿ ಒಬ್ಬರ ಮೇಲೆ ಅವನ ಮನಸ್ಸು ನೆಡುತ್ತದೆ. ಎರಡನೆಯ ಭಾಗದಲ್ಲಿ ಊರಿನಲ್ಲಿ ಕೊಲೆಗಳು ಆರಂಭವಾಗಿ, ಮರದ ಮಿಲ್ಲಿನಲ್ಲಿ ಸಿಕ್ಕ ಶವದ ಎದೆಯ ಮೇಲೆ ಏಳು ಮೊನೆಯ ನಕ್ಷತ್ರ ಕೆತ್ತಿರುತ್ತದೆ, ಜೊತೆಯಲ್ಲಿರುವ ಚೀಟಿ ಅದೇ ಆಟಗಾರರ ಪಾತ್ರವನ್ನು ಉದ್ದೇಶಿಸಿ ಬರೆದದ್ದಾಗಿರುತ್ತದೆ. ಕೊಲೆಗಾರ ಆಲ್ಡರ್ನ್‌ನೇ; ಅವನ ಗೀಳು ಅಸೂಯೆಯದೋ, ಕ್ರೋಧದ್ದೋ, ಮೋಹದ್ದೋ ಎಂಬುದನ್ನು ಮೊದಲ ಭಾಗದಲ್ಲಿ ಆಟ ನಡೆದ ರೀತಿಯನ್ನು ನೋಡಿ ಗೇಮ್ ಮಾಸ್ಟರ್ ನಿರ್ಧರಿಸಬಹುದು. ಈ ಚೀಟಿಯನ್ನು ಕಾಗದದ ಮೇಲೆ ಬರೆದು ಆ ಆಟಗಾರರ ಕೈಗೇ ಕೊಟ್ಟು ನೋಡಿ. ಮೇಜಿನ ಸುತ್ತ ಮಾತು ನಿಂತುಹೋಗುತ್ತದೆ.

ಇದು ಫಲಿಸಬೇಕಾದರೆ ಆಲ್ಡರ್ನ್ ಮುಖ್ಯನೆಂಬುದು ಗೇಮ್ ಮಾಸ್ಟರ್‌ಗೆ ಮೊದಲ ದಿನವೇ ಗೊತ್ತಿರಬೇಕು. ಎರಡನೆಯ ಭಾಗದ ಮಟ್ಟಿಗೆ ಬಿಡಿ ಸಂಪುಟಗಳಲ್ಲೂ ಇದು ಹೇಗೋ ನಡೆಯುತ್ತಿತ್ತು. ಖಳನಾಯಕ ಕಾರ್ಜೂಗ್‌ನ ವಿಷಯದಲ್ಲಿ ನಡೆಯಲಿಲ್ಲ. ಸಾವಿರಾರು ವರ್ಷಗಳಿಂದ ನಿದ್ರಿಸುತ್ತಿರುವ, ಲೋಭದ ರೂನ್‌ಲಾರ್ಡ್ ಎನಿಸಿಕೊಂಡ ಈ ಮಾಂತ್ರಿಕನು ಎಲ್ಲ ಕೊಲೆಗಳಿಗೂ ಯುದ್ಧಗಳಿಗೂ ಮೂಲಕಾರಣನಾದರೂ, ಅವನ ಹೆಸರು ಆಟಗಾರರಿಗೆ ಸ್ಪಷ್ಟವಾಗುವುದು ನಾಲ್ಕನೆಯ ಭಾಗದಲ್ಲಿ. ಅಷ್ಟರೊಳಗೆ ಅವರು ಎಷ್ಟೋ ತಿಂಗಳು ಆಡಿರುತ್ತಾರೆ. ಒಟ್ಟು ಪುಸ್ತಕ ಕೈಯಲ್ಲಿದ್ದರೆ ಆ ನಕ್ಷತ್ರಚಿಹ್ನೆಯ ಅರ್ಥ, ಅವನ ಕಾಲದ ಥಸಿಲಾನ್ ಸಾಮ್ರಾಜ್ಯದ ಅವಶೇಷಗಳು, ಏಳು ಪಾಪಗಳ ಕಥೆ ಇವನ್ನೆಲ್ಲ ಆರಂಭದಿಂದಲೇ ಅಲ್ಲಲ್ಲಿ ಬಿತ್ತಬಹುದು. ಆದರೂ ಮೊದಲರ್ಧದಲ್ಲಿ ಕಾರ್ಜೂಗ್‌ನನ್ನು ಹತ್ತಿರ ತರುವ ಕೆಲಸವನ್ನು ಈ ಆವೃತ್ತಿಯೂ ಬಹುಪಾಲು ಗೇಮ್ ಮಾಸ್ಟರ್‌ಗೇ ಬಿಟ್ಟಿದೆ. ಪರಿಷ್ಕರಣಕ್ಕೆ ಇಷ್ಟು ಒಳ್ಳೆಯ ಅವಕಾಶವಿದ್ದಾಗ ಇನ್ನೊಂದೆರಡು ದೃಶ್ಯಗಳನ್ನು ಸೇರಿಸಬೇಕಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ.

ಎರಡನೆಯ ಮತ್ತು ಮೂರನೆಯ ಭಾಗಗಳ ಕೊಂಡಿಯೂ ಸಡಿಲವೇ. ಮ್ಯಾಗ್ನಿಮಾರ್ ನಗರದ ಆಡಳಿತಗಾರನು ಫೋರ್ಟ್ ರಾನಿಕ್ ಎಂಬ ದೂರದ ಕೋಟೆಯಿಂದ ಸುದ್ದಿ ಬಂದಿಲ್ಲವೆಂದು ಆಟಗಾರರನ್ನು ಕಳುಹಿಸುತ್ತಾನೆ, ಅಷ್ಟೇ. ಮೊದಲ ಭಾಗದಲ್ಲೇ ಪರಿಚಯವಾಗಿರುವ ಶಲೇಲು ಎಂಬ ಎಲ್ಫ್ ಕುಲದ ಬೇಟೆಗಾತಿಯ ಮಲತಂದೆ ಆ ಕೋಟೆಯ ಪಡೆಯಲ್ಲಿದ್ದಾನೆ. ಆ ಸಂಬಂಧವನ್ನು ಮುಂದೆ ತಂದರೆ ಪ್ರಯಾಣಕ್ಕೆ ಕಾರಣ ತಾನಾಗಿ ಹುಟ್ಟುತ್ತದೆ. ಅದೇ ಮೂರನೆಯ ಭಾಗದ ಓಗರ್ ಎಂಬ ನರಭಕ್ಷಕ ರಾಕ್ಷಸರ ಕುಟುಂಬದ ಹಿಂಸೆ ಬಹಳ ಜುಗುಪ್ಸೆಯದು. ಮಕ್ಕಳಿರುವ ಗುಂಪಿನಲ್ಲಿ ಅದನ್ನು ಬಿಡುವುದೇ ಸರಿ.

ಸರಣಿ ನಡೆಯುತ್ತಿರುವಾಗಲೇ ಅದಕ್ಕೆ ಆಧಾರವಾದ ಆಟದ ನಿಯಮಗಳು ಬದಲಾಗುವುದು ಪ್ರಕಾಶಕರ ಇನ್ನೊಂದು ಸಂಕಟ. ಮಾಲೆ ಆರಂಭವಾದಾಗ ಪಾತ್‌ಫೈಂಡರ್ ಆಟವೇ ಇರಲಿಲ್ಲ. ಮೊದಲ ನಾಲ್ಕು ಕಥೆಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5 ಆವೃತ್ತಿಯ ನಿಯಮಗಳಲ್ಲಿ ಬಂದವು, 2009ರ ಆಗಸ್ಟ್‌ನಲ್ಲಿ ಪೈಜೋ ತನ್ನದೇ ನಿಯಮಪುಸ್ತಕ ತಂದ ಮೇಲೆ ಅವೆಲ್ಲ ಹಳೆಯವಾದವು. ಈ ಆವೃತ್ತಿಯಲ್ಲಿ ಪ್ರತಿ ಶತ್ರುವಿನ ಅಂಕಿಅಂಶಗಳನ್ನೂ ಹೊಸ ನಿಯಮಗಳಿಗೆ ತಕ್ಕಂತೆ ಮರುರೂಪಿಸಲಾಗಿದೆ. ಎರಡನೆಯ ಭಾಗದ ಕೊನೆಯಲ್ಲಿ ಗಡಿಯಾರದ ಗೋಪುರದ ಮೇಲೆ ಎದುರಾಗುವ ಜನೇಶಾ ಎಂಬ ಶತ್ರು, ಇಡೀ ಗುಂಪನ್ನೇ ಅಳಿಸಿಹಾಕುವವಳೆಂದು ಮೂಲ ಸಂಪುಟದ ಕಾಲದಲ್ಲಿ ಕುಖ್ಯಾತಳಾಗಿದ್ದಳು. ಆಡಿದವರ ಅನುಭವ ಬಂದ ಮೇಲೆ ತಿದ್ದುವ ಇಂಥ ಅವಕಾಶ ಮಾಸಿಕ ಮಾಲೆಗೆ ಎಂದೂ ಸಿಗುವುದಿಲ್ಲ.

ಪುಸ್ತಕದ ಕೊನೆಯಲ್ಲಿ ಸ್ಯಾಂಡ್‌ಪಾಯಿಂಟ್‌ನ ಮನೆಮನೆಯ ವಿವರವಿದೆ. ನಾಲ್ಕನೆಯ ಭಾಗದಲ್ಲಿ ದೈತ್ಯರು ಇದೇ ಊರಿನ ಮೇಲೆ ಬೀಳುವಾಗ, ಆಟಗಾರರು ಆ ಹೊತ್ತಿಗೆ ಪ್ರತಿ ಅಂಗಡಿಯವನ ಹೆಸರನ್ನೂ ಬಲ್ಲವರಾಗಿರುವುದರಿಂದ, ಆ ಅಧ್ಯಾಯಕ್ಕೆ ಬರುವ ಬಿಸಿ ಬೇರೆಯೇ. ಮೂಲ ಸಂಪುಟಗಳಲ್ಲಿದ್ದ ಧಾರಾವಾಹಿ ಕಥನ ಇಲ್ಲಿಲ್ಲ. ಅದರ ಕೊರತೆ ನನಗೆ ಕಾಣಲಿಲ್ಲ. ತೂಕ ಮಾತ್ರ ತೊಂದರೆ ಕೊಡುತ್ತದೆ. ನಕ್ಷೆಯ ಪುಟವೊಂದು, ಶತ್ರುವಿನ ವಿವರ ಇನ್ನೊಂದು, ನಿಯಮಪುಸ್ತಕ ಪಕ್ಕದಲ್ಲಿ, ಹೀಗೆ ಮೇಜಿನ ಮೇಲೆ ಜಾಗ ಸಾಲುವುದಿಲ್ಲ. ಸಂಸ್ಥೆಯ ತಾಣದಲ್ಲಿ ದೊರೆಯುವ ಪಿಡಿಎಫ್‌ನಿಂದ ಆಯಾ ದಿನದ ಪುಟಗಳನ್ನಷ್ಟೇ ಮುದ್ರಿಸಿಕೊಂಡರೆ ಕೆಲಸ ಹಗುರ.

ಪೈಜೋ ಮುಂದೆ ಹಿಡಿದ ದಾರಿಯಲ್ಲೂ ಈ ಅನುಭವದ ಗುರುತು ಕಾಣುತ್ತದೆ. 2021ರಲ್ಲಿ ‘ಅಬಾಮಿನೇಷನ್ ವಾಲ್ಟ್ಸ್’ ಎಂಬ ಸಾಹಸಕಥೆ ಮೂರೇ ಸಂಪುಟಗಳಲ್ಲಿ ಮುಗಿದು ಮರುವರ್ಷವೇ ಒಂದೇ ಪುಸ್ತಕವಾಗಿ ಬಂತು. 640 ಪುಟಗಳ ‘ಕಿಂಗ್‌ಮೇಕರ್’ ಸಹ 2022ರಲ್ಲಿ ಒಟ್ಟಾಗಿ ಬಂತು.

ಕೊಳ್ಳುವವರು ಗಮನಿಸಬೇಕಾದ ಮುಖ್ಯ ವಿಷಯವೆಂದರೆ ಇದು ಪಾತ್‌ಫೈಂಡರ್‌ನ ಮೊದಲ ಆವೃತ್ತಿಯ ಪುಸ್ತಕ. 2019ರ ಎರಡನೆಯ ಆವೃತ್ತಿಯಲ್ಲಿ ಆಡುವವರು ಅಂಕಿಅಂಶಗಳನ್ನು ತಾವೇ ಬದಲಿಸಿಕೊಳ್ಳಬೇಕಾಗುತ್ತದೆ. ಇದರ ಮುಂದುವರಿಕೆಯಾದ 2018ರ ‘ರಿಟರ್ನ್ ಆಫ್ ದಿ ರೂನ್‌ಲಾರ್ಡ್ಸ್’ ಕೈಗೆತ್ತಿಕೊಳ್ಳುವ ಆಸೆಯಿದ್ದರೆ, ಅದು ಕಾರ್ಜೂಗ್ ಸೋತಿದ್ದಾನೆ ಎಂದು ಭಾವಿಸಿಕೊಂಡೇ ಹೊರಡುತ್ತದೆ ಎಂಬುದು ನೆನಪಿರಲಿ. ನಿಮ್ಮ ಮೇಜಿನಲ್ಲಿ ಕಥೆ ಬೇರೆ ರೀತಿ ಮುಗಿದಿದ್ದರೆ, ಅದರ ಮೊದಲ ಅಧ್ಯಾಯಗಳನ್ನು ನಿಮಗೆ ತಕ್ಕಂತೆ ತಿದ್ದಿಕೊಂಡೇ ಆಟ ಆರಂಭಿಸಬೇಕು.