ಜಿಪ್ಸಿನಾ ಸಫಾರಿನಾ: ಎರಡನ್ನೂ ಬಿಚ್ಚಿ ಕಟ್ಟಿ ಸ್ಪಿತಿಗೆ ಓಡಿಸಿದ ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಜಿಪ್ಸಿ ಪಾರ್ಟಿ. ಎಲ್ಲಾದ್ರೂ ತಕ್ಕಡಿ ನನ್ನ ಕಡೆಗೆ ವಾಲಿದ್ರೆ ನೀವು ಬೈಕೋಬೇಡಿ, ಭಾವ ಇದನ್ನ ಓದಿ ಬೈಯೋದು ಹೇಗೂ ಇದ್ದೇ ಇದೆ.

ನಂದು 2003ರ ಮಾರುತಿ ಜಿಪ್ಸಿ, ಹಾರ್ಡ್ ಟಾಪ್, 1.3 ಪೆಟ್ರೋಲು. ಭಾವಂದು 2009ರ ಟಾಟಾ ಸಫಾರಿ ಫೋರ್ ಬೈ ಫೋರ್ (ನಾಲ್ಕೂ ಚಕ್ರ ಎಳೆಯೋದು), 2.2 ಡೈಕಾರ್ ಡೀಸೆಲ್ಲು. ಎರಡೂ ಮೂರ್ನಾಲ್ಕು ಕೈ ದಾಟಿ ಬಂದ ಗಾಡಿಗಳು. ಹಾಸನದಲ್ಲಿ ಒಂದೇ ಗ್ಯಾರೇಜಲ್ಲಿ ಒಂದೇ ಮೆಕ್ಯಾನಿಕ್ ಸಾಬ್ರ ಕೈಲಿ ಅಕ್ಕಪಕ್ಕ ನಿಲ್ಲಿಸ್ಕೊಂಡು ರೆಡಿ ಮಾಡ್ಸಿದ್ವಿ, ಮಳೆಗಾಲದಲ್ಲಿ ಮೂಡಿಗೆರೆ ಹತ್ರ ಭಾವನ ಕಾಫಿ ತೋಟದ ಕೆಸರಲ್ಲಿ ಆಡಿಸಿ ನೋಡಿದ್ವಿ, ಆಮೇಲೆ 2024ರ ಜೂನಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟ್ವಿ. ಯಾವ್ದು ತಗೊಳ್ಳೋದು ಅಂತ ಕೇಳೋರೆಲ್ಲಾ ಆಫ್‌ರೋಡಲ್ಲಿ ಯಾವ್ದು ಚೆನ್ನಾಗಿ ಹತ್ತುತ್ತೆ ಅಂತ ಮಾತ್ರ ಕೇಳ್ತಾರೆ. ಹಾಸನದಿಂದ ಮನಾಲಿಗೆ ಹತ್ರ ಹತ್ರ 2,800 ಕಿಮೀ ಬರೀ ಟಾರ್ ರೋಡೇ ಇದೆ ಅನ್ನೋದು ಯಾರ ತಲೆಗೂ ಬರಲ್ಲ, ನನ್ನ ತಲೆಗೂ ಬಂದಿರ್ಲಿಲ್ಲ.

ಮೊದ್ಲು ಗ್ಯಾರೇಜ್ ಕಥೆ. ಜಿಪ್ಸಿ ನೋಡೋಕೆ ಫಳಫಳ ಅಂತಿತ್ತು, ಹೊಸಾ ಪೇಂಟು, ಹೊಸಾ ಸೀಟ್ ಕವರ್. ಡ್ರೈವರ್ ಕಾಲಡಿ ರಬ್ಬರ್ ಮ್ಯಾಟ್ ಎತ್ತಿದ್ರೆ ಗ್ಯಾರೇಜಿನ ನೆಲ ಕಾಣ್ತಿತ್ತು. ಸಾಬ್ರು ಏನೂ ಮಾತಾಡ್ದೆ ಒಂದು ಸ್ಕ್ರೂಡ್ರೈವರ್ ತಗೊಂಡು ಗಾಡಿ ಕೆಳಗೆ ಮಲಗಿದ್ರು, ಅದರ ಹಿಡಿಯಲ್ಲಿ ಚಾಸಿ ಉದ್ದಕ್ಕೂ ಟಣ್ ಟಣ್ ಅಂತ ಬಡೀತಾ ಹೋದ್ರು, ಹಿಂದ್ಗಡೆ ಕಮಾನು ಪಟ್ಟಿ ಹ್ಯಾಂಗರ್ ಹತ್ರ ಬಂದಾಗ ಆ ಟಣ್ ಹೋಗಿ ಡಬ್ ಅಂತು. ತಿರುಗಿಸಿ ಮೊನೆ ಇಟ್ಟು ಒತ್ತಿದ್ರು ನೋಡಿ, ಹಪ್ಪಳದೊಳಗೆ ಹೋದಂಗೆ ಒಳಗೆ ಹೋಯ್ತು. 'ಸಾರ್, ಪೇಂಟ್ ಒಂದೇ ಇರೋದು ಇಲ್ಲಿ, ಕಬ್ಣ ಇಲ್ಲ' ಅಂದ್ರು. ನಾನು ಚಾ ಕುಡಿಯೋಕೆ ಹೊರಗೆ ಹೋದೆ.

ಆದ್ರೆ ಜಿಪ್ಸಿ ವಿಷ್ಯದಲ್ಲಿ ಒಂದು ಸಮಾಧಾನ ಏನಂದ್ರೆ ಕಾಯಿಲೆ ಎಲ್ಲಾ ಕಣ್ಣಿಗೆ ಕಾಣುತ್ತೆ. ಬಾಡಿ ಬೋಲ್ಟ್ ಬಿಚ್ಚಿ ಆರು ಜನ ಹಿಡಿದು ಎತ್ತಿ ಪಕ್ಕಕ್ಕಿಟ್ರೆ ಚಾಸಿ ಪೂರ್ತಿ ಬತ್ತಲೆ, ಕೊಳೆತಿದ್ದನ್ನ ಕಟ್ ಮಾಡು, 3 ಎಂಎಂ ಪ್ಲೇಟ್ ಹಾಕಿ ವೆಲ್ಡ್ ಮಾಡು, ಉಜ್ಜು, ಪ್ರೈಮರ್ ಹೊಡಿ. ಟಿಂಕರಿಂಗು ಪೇಂಟು ಎರಡಕ್ಕೇ 85 ಸಾವಿರ ಹೋಯ್ತು. ಎಂಜಿನ್ನಿಗೆ ಅಷ್ಟು ಖರ್ಚು ಬರ್ಲೇ ಇಲ್ಲ, ಟೈಮಿಂಗ್ ಬೆಲ್ಟು, ವಾಟರ್ ಪಂಪು, ಆಯಿಲ್ ಸೀಲುಗಳು, ರೇಡಿಯೇಟರ್ ಬಿಚ್ಚಿ ಕ್ಲೀನಿಂಗು, ಕ್ಲಚ್ ಪ್ಲೇಟು, ಅಷ್ಟೇ.

ಸಫಾರಿ ಉಲ್ಟಾ. ಕೆಳಗೆ ಮಲಗಿ ಟಣ್ ಟಣ್ ಬಡಿದ್ರೆ ಎಲ್ಲಾ ಕಡೆ ಟಣ್ಣೇ, ಭಾವ ಮೀಸೆ ತಿರುವಿದ್ದೇ ತಿರುವಿದ್ದು. ಅವರ ತೊಂದ್ರೆ ಎಲ್ಲಾ ಡ್ಯಾಶ್‌ಬೋರ್ಡ್ ಒಳಗಿತ್ತು. ಹಿಂದೆ ಯಾರೋ ವೂಫರ್ ಹುಚ್ಚಿನವರು ಓಡಿಸ್ತಿದ್ರು ಅನ್ಸುತ್ತೆ, ಎಲ್ಲೆಲ್ಲೋ ವೈರ್ ಕಟ್ ಮಾಡಿ ತಿರುಚಿ ಟೇಪ್ ಸುತ್ತಿದ್ರು, ಅದು ಸಾಲ್ದು ಅಂತ ತೋಟದ ಶೆಡ್ಡಲ್ಲಿ ನಿಂತಾಗ ಇಲಿ ಬೇರೆ ಊಟ ಮಾಡಿತ್ತು. ಒಂದು ದಿನ ಸ್ಟಾರ್ಟ್ ಆಗುತ್ತೆ, ಮಾರನೇ ದಿನ ಚೆಕ್ ಎಂಜಿನ್ ಲೈಟು. ಸ್ಕ್ಯಾನರ್ ಹಾಕಿದ್ರೆ ಒಂದು ಕೋಡು, ಅದನ್ನ ಸರಿ ಮಾಡಿದ್ರೆ ಇನ್ನೊಂದು. ಎಲ್ಲಕ್ಕಿಂತ ದೊಡ್ಡ ತಮಾಷೆ ಅಂದ್ರೆ ಫೋರ್ ಬೈ ಫೋರ್ ನಾಬು. ಇದರಲ್ಲಿ ಲಿವರ್ ಇಲ್ಲ, ನಾಬ್ ತಿರುಗಿಸಿದ್ರೆ, ಶಕ್ತಿನ ಮುಂದಿನ ಹಿಂದಿನ ಚಕ್ರಕ್ಕೆ ಹಂಚೋ ಟ್ರಾನ್ಸ್‌ಫರ್ ಕೇಸ್ ಮೇಲಿರೋ ಒಂದು ಮೋಟ್ರು ಒಳಗೆ ಶಿಫ್ಟ್ ಮಾಡುತ್ತೆ. ಹಳೇ ಓನರ್ರು ವರ್ಷಗಟ್ಲೆ ಅದನ್ನ ಮುಟ್ಟೇ ಇಲ್ಲ, ನಾವು ತಿರುಗಿಸಿದ್ರೆ ಲೈಟು ಪಿಳಿಪಿಳಿ ಅಂತ ಬ್ಲಿಂಕ್ ಆಗುತ್ತೆ ಹೊರ್ತು ಮುಂದಿನ ಚಕ್ರಕ್ಕೆ ಸುದ್ದಿನೇ ಮುಟ್ಟಲ್ಲ. ಮೋಟ್ರು ಬಿಚ್ಚಿದ್ರೆ ಕನೆಕ್ಟರ್ ತುಂಬಾ ಹಸಿರು ಪಾಚಿ ಥರ ತುಕ್ಕು, ಒಳಗೆ ಗ್ರೀಸು ಒಣಗಿ ಮೇಣ ಆಗಿತ್ತು. ಕ್ಲೀನ್ ಮಾಡಿ ಹಾಕಿದ್ಮೇಲೆ ಕಟಕ್ ಅಂತ ಕೂತ್ಕೊಂತು. ಹಳೇ ಸಫಾರಿ ನೋಡೋಕೆ ಹೋದ್ರೆ ದಯವಿಟ್ಟು ಮೊದ್ಲು ಆ ನಾಬ್ ತಿರುಗಿಸಿ, ಲೈಟ್ ನಂಬ್ಕೊಂಡು ಬರ್ಬೇಡಿ, ಮುಂದಿನ ಚಕ್ರ ಎಳೀತಾ ಇದ್ಯಾ ಅಂತ ಮಣ್ಣಲ್ಲಿ ನಿಲ್ಸಿ ನೋಡಿ.

ವೈರಿಂಗ್ ಹುಡುಕೋದಕ್ಕೇ ಆರು ವಾರ ಹೋಯ್ತು. ಸಾಬ್ರು ಜಿಪ್ಸಿ ಕೆಲ್ಸ ಮಾಡುವಾಗ ಹಾಡು ಗುನುಗ್ತಿದ್ರು, ಸಫಾರಿ ಕಡೆ ಬಂದ್ರೆ ಬಾಯಿ ಮುಚ್ಕೊಂಡು ಬೀಡಿ ಹಚ್ತಿದ್ರು. ಇದಕ್ಕಿಂತ ಒಳ್ಳೇ ಹೋಲಿಕೆ ನಂಗೆ ಬರೆಯೋಕೆ ಬರಲ್ಲ.

ಜಿಪ್ಸಿಲಿ ನನ್ನ ನಿದ್ದೆ ಕೆಡ್ಸಿದ್ದು ಸ್ಟೇರಿಂಗ್ ನಡುಕ. ಅರವತ್ತು ದಾಟಿ ಒಂದು ಸಣ್ಣ ಗುಂಡಿಗೆ ಬಿದ್ರೆ ಸಾಕು, ಸ್ಟೇರಿಂಗು ಕೈಯಿಂದ ಕಿತ್ಕೊಂಡು ಹೋಗೋ ಥರ ಎಡಬಲ ಅಲ್ಲಾಡುತ್ತೆ, ನಿಲ್ಲಿಸೋ ತನಕ ನಿಲ್ಲಲ್ಲ. ಬ್ಯಾಲೆನ್ಸಿಂಗ್ ಮಾಡ್ಸಿದೆ, ಟೈ ರಾಡ್ ಎಂಡ್ ಹಾಕ್ಸಿದೆ, ಸ್ಟೇರಿಂಗ್ ಡ್ಯಾಂಪರ್ ಹಾಕ್ಸು ಅಂದೋರ ಮಾತು ಕೇಳಿ ಅದಕ್ಕೂ ದುಡ್ಡು ಸುರಿದೆ, ಸ್ವಲ್ಪ ಕಮ್ಮಿ ಆಯ್ತು ಹೊರ್ತು ಹೋಗ್ಲಿಲ್ಲ. ಆಮೇಲೆ ಸಾಬ್ರು ಮುಂದಿನ ಚಕ್ರ ಬಿಚ್ಚಿ, ಚಕ್ರ ಎಡಬಲ ತಿರುಗೋ ಕಡೆ ಇರೋ ಕಿಂಗ್‌ಪಿನ್ ಬೇರಿಂಗ್ ತೆಗೆದ್ರೆ ರೋಲರ್‌ಗಳು ರೇಸಲ್ಲಿ ಸಾಲಾಗಿ ಗುಳಿ ಮಾಡಿದ್ವು. ನಾಲ್ಕೂ ಬೇರಿಂಗ್ ಹೊಸದು ಹಾಕಿ, ಶಿಮ್ (ತೆಳು ತಗಡಿನ ಬಿಲ್ಲೆ) ಎಷ್ಟು ಕೊಡ್ಬೇಕು ಅಂತ ನೋಡೋಕೆ ಭಾವನ ತೋಟದಿಂದ ಮೆಣಸು ತೂಗೋ ಸ್ಪ್ರಿಂಗ್ ತಕ್ಕಡಿ ತರಿಸಿದ್ರು, ಟೈ ರಾಡ್ ತೆಗೆದಿಟ್ಟು ಅದರ ಕೊಕ್ಕೆನ ಚಕ್ರ ಕೂರೋ ನಕಲ್‌ನ ತೋಳಿಗೆ ಸಿಕ್ಕಿಸಿ ಮೆಲ್ಲಗೆ ಎಳೆದು, ಮುಳ್ಳು ಒಂದೂವರೆ ಕೆಜಿ ಹತ್ರ ಬಂದಾಗ ನಕಲ್ ತಿರುಗ್ಬೇಕು, ಅದಕ್ಕಿಂತ ಸುಲಭವಾಗಿ ತಿರುಗಿದ್ರೆ ಶಿಮ್ ಒಂದು ತೆಗಿ. ಅವತ್ತಿಂದ ಇವತ್ತಿನ ತನಕ ನಡುಕ ಇಲ್ಲ. ಡ್ಯಾಂಪರ್ ದುಡ್ಡು ದಂಡ.

ಸಸ್ಪೆನ್ಷನ್ನು ಇಬ್ರಿಗೂ ಕೂತು ಹೋಗಿತ್ತು. ನಂದು ನಾಲ್ಕೂ ಕಡೆ ಕಮಾನು ಪಟ್ಟಿ. ಮೊದ್ಲು ಹಳೇ ಪಟ್ಟಿನೇ ಬಡಿಸಿ ಬಾಗು ಕೊಡ್ಸಿದೆ, ಎರಡೇ ತಿಂಗಳಿಗೆ ಮತ್ತೆ ಮಕಾಡೆ ಮಲಗ್ತು, ಆಮೇಲೆ ಹೊಸ ಸೆಟ್ಟು ತಂದು ಹಿಂದೆ ಲಗೇಜಿಗೆ ಅಂತ ಒಂದು ಎಲೆ ಜಾಸ್ತಿ ಹಾಕ್ಸಿದೆ. ಖಾಲಿ ಗಾಡಿ ಓಡಿಸಿದ್ರೆ ಸೊಂಟಕ್ಕೆ ದೇವ್ರೇ ಗತಿ. ಸಫಾರಿಗೆ ಮುಂದೆ ಟಾರ್ಷನ್ ಬಾರು (ತಿರುಚಿ ಸ್ಪ್ರಿಂಗ್ ಥರ ಕೆಲ್ಸ ಮಾಡೋ ಸರಳು), ಹಿಂದೆ ಕಾಯಿಲ್ ಸ್ಪ್ರಿಂಗು. ಮುಂದೆ ಎತ್ತರ ಬೇಕು ಅಂದ್ರೆ ಒಂದು ಬೋಲ್ಟ್ ಬಿಗಿ ಮಾಡಿದ್ರೆ ಆಯ್ತು, ಪುಕ್ಸಟ್ಟೆ ಲಿಫ್ಟು. ಭಾವ ಖುಷೀಲಿ ಎರಡೂವರೆ ಇಂಚು ಎತ್ತಿಸ್ಬಿಟ್ರು, ಮೂಗು ಮೇಲೆ ಮಾಡ್ಕೊಂಡು ಗಾಡಿ ನಿಂತಿದ್ದು ನೋಡಿದ್ರೆ ಮದುವೆ ಮನೆ ಬೀಗರ ಥರ ಇತ್ತು. ಆದ್ರೆ ಗುಂಡಿಗೆ ಇಳಿದಾಗ ಚಕ್ರ ಕೆಳಗೆ ಜೋತು ಬೀಳೋಕೆ ಜಾಗಾನೇ ಉಳಿದಿರ್ಲಿಲ್ಲ, ದಡ್ ದಡ್ ಅಂತ ಹೊಡೀತಿತ್ತು, ಆಕ್ಸಲ್ ಬೂಟೂ ಹರೀತು. ಒಂದಿಂಚಿಗೆ ಇಳಿಸಿದ್ಮೇಲೆ ಸರಿ ಹೋಯ್ತು.

ಟೈರ್ ಬಗ್ಗೆ ಜಾಸ್ತಿ ಎಳೆಯಲ್ಲ. ಎರಡಕ್ಕೂ ಆಲ್ ಟೆರೇನ್ ಹಾಕಿದ್ವಿ, ಸಫಾರಿಗೆ ಕಂಪ್ನಿ ಸೈಜೇ, 235/70 ಆರ್ 16. ಜಿಪ್ಸಿಗೆ 215/75 ಆರ್ 15, ಬೊಲೆರೋ ಸೈಜು, ದೇಶದಲ್ಲಿ ಯಾವ ಸಣ್ಣ ಊರಲ್ಲಾದ್ರೂ ಸಿಗುತ್ತೆ. ಮಡ್ ಟೈರ್ ಹಾಕಿ ಒಂದ್ ತಿಂಗಳು ಓಡಿಸಿ ನೋಡಿದ್ದೆ, ಹಾಸನ ಬೆಂಗಳೂರು ರೋಡಲ್ಲಿ ಆ ಗುಂಯ್ ಅನ್ನೋ ಸೌಂಡಿಗೆ ತಲೆ ನೋವು ಬಂತು, ಸ್ನೇಹಿತರಿಗೆ ಮಾರ್ಬಿಟ್ಟೆ.

ಇನ್ನು ಕೆಸರು. ತೋಟದ ಒಳಗೆ ಹೊಳೆಗೆ ಇಳಿಯೋ ಒಂದು ಜಾಡಿದೆ, ಜುಲೈಲಿ ಅಲ್ಲಿ ಜನಾನೂ ಕಾಲು ಊರೋಕಾಗಲ್ಲ, ಮೇಲೆ ಪಾಚಿ, ಕೆಳಗೆ ಕೆಂಪು ಜಿಡ್ಡು ಮಣ್ಣು, ಜೊತೆಗೆ ಜಿಗಣೆ. ಜಿಪ್ಸಿಗೆ ಹಳೇ ಓನರ್ರು ಕೈಲಿ ತಿರುಗಿಸೋ ಫ್ರೀ ವೀಲ್ ಹಬ್ (ಮುಂದಿನ ಚಕ್ರನ ಆಕ್ಸಲ್ಲಿಗೆ ಸೇರಿಸೋ ಬಿಡಿಸೋ ಲಾಕು) ಹಾಕ್ಸಿದ್ರು, ಹಾಗಾಗಿ ಇಳಿದು ಎರಡೂ ಮುಂದಿನ ಚಕ್ರದ ಹತ್ರ ಬಗ್ಗಿ ಲಾಕ್ ಮಾಡ್ಬೇಕು, ಮಳೇಲಿ ಜಿಗಣೆ ಹತ್ತಿಸ್ಕೊಂಡು. ಭಾವ ಒಳಗೆ ಏಸಿ ಹಾಕ್ಕೊಂಡು ನಾಬ್ ತಿರುಗಿಸಿ 'ಆಯ್ತೇನೋ ಮಾರಾಯ?' ಅಂತ ಗಾಜು ಇಳಿಸಿ ಕೇಳ್ತಿದ್ರು. ಆದ್ರೆ ಹತ್ತೋವಾಗ ನಗು ನಂದು. ಟೈರ್ ಗಾಳಿ 18 ಪಿಎಸ್‌ಐಗೆ ಇಳಿಸಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜಾಸ್ತಿ ಎಳೆತದ ಗೇರು) ಸೆಕೆಂಡಲ್ಲಿ ಬಿಟ್ರೆ ಜಿಪ್ಸಿ ಮೇಕೆ ಮರಿ ಥರ ಹತ್ಕೊಂಡು ಹೋಯ್ತು. ಒಂದು ಟನ್ ಆಸುಪಾಸಿನ ಗಾಡಿ ಅದು, ಜಾರಿದ್ರೂ ನಾಲ್ಕು ಜನ ತಳ್ಳಿದ್ರೆ ಜಾಡಿಗೆ ಬರುತ್ತೆ. ಸಫಾರಿ ಅದರ ಡಬಲ್. 320 ಎನ್‌ಎಂ ಟಾರ್ಕಿದೆ, ಅಂದ್ರೆ ತಿರುಗಿಸೋ ಬಲ, ನಂದರ ಮೂರು ಪಟ್ಟು, ಆದ್ರೆ ಜಾರುಮಣ್ಣಲ್ಲಿ ಟಾರ್ಕ್ ಏನ್ ಮಾಡುತ್ತೆ, ತೂಕ ಪಕ್ಕಕ್ಕೆ ಎಳೀತು, ಹಿಂದಿನ ಬಂಪರ್ ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತ್ಕೊಂತು. ಕೊನೆಗೆ ಟ್ರ್ಯಾಕ್ಟರ್ ತರಿಸಿದ್ವಿ. ಭಾವ ಅವತ್ತು ರಾತ್ರಿ ಊಟದಲ್ಲಿ ಮಾತಾಡ್ಲಿಲ್ಲ, ಅಕ್ಕನೇ ಎರಡು ಸಲ ಸಾರು ಬಡಿಸಿದ್ಲು.

ಅದೇ ಖುಷೀಲಿ ಸ್ಪಿತಿಗೆ ಹೊರಟೆ ನೋಡಿ, ಹೆದ್ದಾರಿ ನನ್ನ ಸೊಕ್ಕು ಇಳಿಸ್ತು. ಜಿಪ್ಸಿಗೆ ಎಂಬತ್ತೇ ಸುಖ, ಅದರ ಮೇಲೆ ಹೋದ್ರೆ ಎಂಜಿನ್ ಕಿರುಚುತ್ತೆ, ಪಕ್ಕದೋರ ಜೊತೆ ಜಗಳ ಆಡೋ ಥರ ಮಾತಾಡ್ಬೇಕು. ಏಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ. ದಿಲ್ಲಿ ಸುತ್ತಮುತ್ತ ಹೋಗೋ ಹಾಗೂ ಇರ್ಲಿಲ್ಲ, 2018ರ ಸುಪ್ರೀಂ ಕೋರ್ಟ್ ಆದೇಶದ ಪ್ರಕಾರ ಆಗ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ಲೂ ಹದಿನೈದು ದಾಟಿದ ಪೆಟ್ರೋಲೂ ಓಡ್ಸಂಗಿರ್ಲಿಲ್ಲ, ನಮ್ಮೆರಡೂ ಗಾಡಿ ಲೆಕ್ಕಕ್ಕೆ ಬಂದ್ವು. ಅದಕ್ಕೇ ಪುಣೆ, ಉದಯಪುರ, ಜೈಪುರ, ಅಲ್ಲಿಂದ ಹಿಸಾರ್ ಮೇಲೆ ಚಂಡೀಗಢ. ಜೂನಲ್ಲಿ ರಾಜಸ್ಥಾನ ಅಂದ್ರೆ ಗೊತ್ತಲ್ಲ, ಕಿಟಕಿಯಿಂದ ಬರೋ ಗಾಳಿ ಒಲೆ ಮುಂದೆ ಕೂತಂಗೆ. ಒದ್ದೆ ಟವಲ್ ತಲೆಗೆ ಹಾಕ್ಕೊಂಡು ಓಡಿಸಿದೆ, ಅರ್ಧ ಗಂಟೇಲಿ ಒಣಗ್ತಿತ್ತು. ಮುಂದೆ ಸಫಾರಿ ಹಿಂದಿನ ಸೀಟಲ್ಲಿ ಅಕ್ಕನ ಮಗ ಹೊದ್ದು ಮಲಗಿದ್ದು ಕಾಣ್ತಿತ್ತು, ಹೊದ್ದು! ಟ್ಯಾಂಕೂ ಅಷ್ಟೇ, ನಂದು 40 ಲೀಟರು, ಲೀಟರಿಗೆ ಒಂಬತ್ತು ಹತ್ತು ಕೊಟ್ರೆ 350 ಕಿಮೀಗೊಂದು ಬಂಕು. ಅವರದು 65 ಲೀಟರು, ಹನ್ನೊಂದರ ಹತ್ರ ಬರ್ತಿತ್ತು, ನಾನು ಎರಡು ಸಲ ತುಂಬಿಸೋದ್ರೊಳಗೆ ಅವರದು ಒಂದು ಸಲ.

ಮನಾಲಿಲಿ ಎರಡು ದಿನ ಮಲಗಿದ್ದು ಬಿಟ್ರೆ ನಾನೇನೂ ಮಾಡಿಲ್ಲ.

ಮನಾಲಿ ಆಚೆ ಸ್ಪಿತಿ ರೋಡ್ ಕವಲೊಡೆಯೋ ಗ್ರಾಂಫೂ ದಾಟಿದ ಮೇಲೆ ರೋಡ್ ಅನ್ನೋದು ಹೆಸರಿಗೆ. ಬಾತಾಲ್ ತನಕ ಉಂಡೆ ಕಲ್ಲು, ನಡುವೆ ಹಿಮ ಕರಗಿ ಇಳಿಯೋ ನಾಲೆಗಳು. ಬಿಸಿಲೇರಿದ ಹಾಗೆ ನೀರೂ ಏರುತ್ತೆ, ಅದಕ್ಕೇ ಬೆಳಗಾಗೋ ಮುಂಚೆ ಬಿಟ್ಟಿದ್ವಿ. ಇಲ್ಲಿ ಎರಡೂ ಗಾಡಿಗೆ ಉಪಯೋಗಕ್ಕೆ ಬಂದಿದ್ದು ಇನ್ನೂರು ರೂಪಾಯಿ ಕೆಲ್ಸ. ಆಕ್ಸಲ್ ಬ್ರೀದರ್‌ಗೆ (ಅದು ಉಸಿರಾಡೋ ತೂತಿಗೆ) ಪೈಪ್ ಹಾಕಿ ಮೇಲಕ್ಕೆ, ಎಂಜಿನ್ ಬಾನೆಟ್ ಒಳಗೆ ತಂದು ಕಟ್ಟಿದ್ವಿ. ಬಿಸಿ ಆದ ಆಕ್ಸಲ್ಲು ಐಸ್ ನೀರಿಗೆ ಇಳಿದ್ರೆ ಒಳಗಿನ ಗಾಳಿ ಕುಗ್ಗಿ ನೀರನ್ನ ಎಳ್ಕೊಳ್ಳುತ್ತೆ, ಆಯಿಲ್ ಹಾಲು ಹಾಕಿದ ಕಾಫಿ ಥರ ಆಗುತ್ತೆ. ವಾಪಸ್ ಬಂದು ಬಿಚ್ಚಿದಾಗ ಎರಡರದ್ದೂ ಆಯಿಲ್ ಕ್ಲೀನಾಗಿತ್ತು. ನಾಲೇಲಿ ನಂಗೆ ಎಲ್ಲಿ ಬೇಕಾದ್ರೂ ಸಂದಿ ಸಿಗ್ತಿತ್ತು, ಅಗಲ ಕಮ್ಮಿ, ಭಾವನಿಗೆ ಕಲ್ಲು ಆರಿಸ್ಕೊಂಡು ಹೋಗೋ ಕೆಲ್ಸ. ಆದ್ರೆ ಒಂದು ಕಡೆ ನೀರಿನ ಸೆಳೆತಕ್ಕೆ ಜಿಪ್ಸಿ ಹಿಂಭಾಗ ಅರ್ಧ ಅಡಿ ಪಕ್ಕಕ್ಕೆ ಸರೀತು, ಹೊಟ್ಟೇಲಿ ಚಿಟ್ಟಂತ ಆಯ್ತು, ಸಫಾರಿ ಅದೇ ಜಾಗದಲ್ಲಿ ಎಮ್ಮೆ ಥರ ಅಲುಗಾಡದೆ ದಾಟ್ತು. ತೋಟದಲ್ಲಿ ಅವರನ್ನ ಮರಕ್ಕೆ ಒರಗಿಸಿದ ತೂಕಾನೇ ಇಲ್ಲಿ ಕಾಪಾಡಿದ್ದು.

ಸ್ಪಿತಿಗೆ ಇಳಿಯೋ ಮುಂಚೆ ಸಿಗೋ ಕುಂಜುಮ್ ಪಾಸ್ ಏರು 4,500 ಮೀಟರ್ ಮೀರುತ್ತೆ. ಟರ್ಬೋ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಅಷ್ಟು ಎತ್ತರದಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಶಕ್ತಿ ಕಳೆದು ಹೋಗುತ್ತೆ, 80 ಎಚ್‌ಪಿ ಇದ್ದಿದ್ದು ಐವತ್ತು ಅಂದ್ಕೊಳ್ಳಿ, ಮೇಲೆ ಜೆರ್ರಿ ಕ್ಯಾನು, ಟೆಂಟು, ಎರಡು ಸ್ಟೆಪ್ನಿ. ತಿರುವುಗಳಲ್ಲಿ ಫಸ್ಟ್ ಗೇರೂ ಸಾಲ್ದೆ ಫೋರ್ ಲೋ ಹಾಕ್ಕೊಂಡು ಉಸಿರು ಬಿಡ್ತಾ ಹತ್ತಿದೆ. ಸಫಾರಿ ಟರ್ಬೋ ತೆಳು ಗಾಳಿನೂ ಒತ್ತಿ ತುಂಬುತ್ತೆ, ಕಪ್ಪು ಹೊಗೆ ಸ್ವಲ್ಪ ಬಿಟ್ಕೊಂಡು ಸೆಕೆಂಡಲ್ಲೇ ಹೋಯ್ತು, ನಾನು ಮೇಲೆ ಮುಟ್ಟೋ ಹೊತ್ತಿಗೆ ಭಾವ ಅಲ್ಲಿನ ಸ್ತೂಪಕ್ಕೆ ಒಂದು ಸುತ್ತು ಹಾಕಿ ಬಂದು ಫ್ಲಾಸ್ಕಿಂದ ಕಾಫಿ ಬಗ್ಗಿಸಿ ಹಿಡಿದಿದ್ರು. 'ಬಾ, ಮೇಕೆ ಮರಿ' ಅಂದ್ರು.

ಸ್ಪಿತಿಯ ದೊಡ್ಡ ಊರು ಕಾಜಾದಲ್ಲಿ ಸೇಡು ತೀರ್ತು. ಸಫಾರಿ ಬೆಳಿಗ್ಗೆ ಸ್ಟಾರ್ಟ್ ಆಗ್ಲಿಲ್ಲ, ಕ್ರ್ಯಾಂಕ್ ಆಗುತ್ತೆ, ಹಿಡಿಯಲ್ಲ. ನಾವು ತಂದಿದ್ದ ಸಣ್ಣ ಸ್ಕ್ಯಾನರ್ ಏನೋ ಸೆನ್ಸರ್ ಕೋಡ್ ತೋರಿಸ್ತು, ಅಲ್ಲಿನ ಮೆಕ್ಯಾನಿಕ್ ಕೈ ಮುಗಿದ. ಮೂರು ಗಂಟೆ ವೈರ್ ಹಿಡ್ಕೊಂಡು ಹೋದ್ರೆ ನಾವೇ ಹಾಸನದಲ್ಲಿ ಬೆಸೆದಿದ್ದ ಒಂದು ಜಾಯಿಂಟು ಕುಲುಕಾಟಕ್ಕೆ ಬಿಟ್ಟಿತ್ತು. ಹಿಂದಿನ ದಿನ ಅದೇ ಊರಲ್ಲಿ ನನ್ನ ಜಿಪ್ಸಿ ಕಮಾನಿನ ಯು ಬೋಲ್ಟ್ ಮುರಿದಿದ್ದು, ಲಾರಿ ರಿಪೇರಿ ಅಂಗಡೀಲಿ ಚಾ ಕುಡಿಯೋದ್ರೊಳಗೆ ಬೇರೆ ಬಗ್ಗಿಸಿ ಹಾಕ್ಕೊಟ್ಟಿದ್ರು.

ದುಡ್ಡಿನ ಲೆಕ್ಕ ಕೇಳ್ತೀರಿ ಅಂತ ಗೊತ್ತು. ಜಿಪ್ಸಿ ತಗೊಂಡಿದ್ದು 2.6 ಲಕ್ಷಕ್ಕೆ, ಸುರಿದಿದ್ದು 2.1 ಲಕ್ಷ. ಸಫಾರಿ 3 ಲಕ್ಷ, ಮೇಲೆ 1.7. ಎರಡೂ ಒಂದೇ. ಬರೀ ಮಲೆನಾಡು, ಶನಿವಾರ ಹೋಗಿ ಭಾನುವಾರ ಬರೋದು ಅಂದ್ರೆ ಜಿಪ್ಸಿ ಬಿಟ್ಟು ಬೇರೆ ಯೋಚ್ನೆನೇ ಬೇಡ. ಮನೆ ಮಂದಿ ಕರ್ಕೊಂಡು ಹಿಮಾಲಯದ ತನಕ ಅಂದ್ರೆ ಸಫಾರಿ, ಆದ್ರೆ ವೈರಿಂಗ್ ಪೂರ್ತಿ ಹೊಸದು ಹಾಕಿಸ್ಕೊಂಡು ಹೊರಡಿ, ಜಾಯಿಂಟ್ ಮೇಲೆ ಜಾಯಿಂಟ್ ಬೇಡ. ಮುಂದಿನ ಸಲ ಲಡಾಖ್ ಅಂತಿದ್ದಾರೆ ಭಾವ. ನಾನು ಜಿಪ್ಸಿನ ಲಾರಿ ಮೇಲೆ ಹಾಕಿ ಚಂಡೀಗಢ ತನಕ ಕಳ್ಸಿದ್ರೆ ಎಷ್ಟಾಗುತ್ತೆ ಅಂತ ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ವಿಚಾರಿಸ್ತಾ ಇದೀನಿ, ಅವರಿಗೆ ಇನ್ನೂ ಹೇಳಿಲ್ಲ.