ಮನೆಮನೆಗೂ ನೀರಿನ ಲೆಕ್ಕ: ಅಪಾರ್ಟ್‌ಮೆಂಟಿನ ಸ್ಮಾರ್ಟ್ ಮೀಟರ್ ಸೇವೆಯ ವಿಮರ್ಶೆ

ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟುಗಳಲ್ಲಿ ವಿದ್ಯುತ್ತಿಗೆ ಮನೆಗೊಂದು ಮೀಟರ್ ಇರುತ್ತದೆ. ನೀರಿಗೆ ಮಾತ್ರ ಇಡೀ ಕಟ್ಟಡಕ್ಕೆ ಒಂದೇ. ಜಲಮಂಡಳಿಯ ಬಿಲ್ಲು, ಟ್ಯಾಂಕರಿನವರಿಗೆ ಕೊಟ್ಟ ಹಣ, ಕೊಳವೆಬಾವಿಯ ಪಂಪಿಗೆ ತಗುಲಿದ ಕರೆಂಟು, ಇವೆಲ್ಲವನ್ನೂ ಒಟ್ಟುಗೂಡಿಸಿ ಚದರಡಿಯ ಲೆಕ್ಕದಲ್ಲಿ ಮೇಂಟೆನೆನ್ಸ್ ಹಣದೊಳಗೆ ಸೇರಿಸಿಬಿಡುವುದು ರೂಢಿ. ಹೀಗಾದಾಗ ನಲ್ಲಿಯನ್ನು ಬಿಗಿಯಾಗಿ ತಿರುಗಿಸುವ ಮನೆಯೂ, ಬಾಲ್ಕನಿಯನ್ನು ಪೈಪು ಹಿಡಿದು ತೊಳೆಯುವ ಮನೆಯೂ ಒಂದೇ ಮೊತ್ತ ಕೊಡುತ್ತವೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಿಂದ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿದಾಗ, ಯಾರ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂಬ ಪ್ರಶ್ನೆಗೆ ನಮ್ಮ ಅಸೋಸಿಯೇಷನ್ನಿನ ಬಳಿ ಉತ್ತರವೇ ಇರಲಿಲ್ಲ. ಆ ಉತ್ತರಕ್ಕಾಗಿ ನಾವು ಹಾಕಿಸಿಕೊಂಡ ಸ್ಮಾರ್ಟ್ ಮೀಟರ್ ಸೇವೆಯ ಬಗ್ಗೆ, ಇಂಥದನ್ನು ಹಾಕಿಸಬೇಕೆಂದು ಯೋಚಿಸುತ್ತಿರುವ ಇತರ ಸಮುಚ್ಚಯಗಳಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಈ ಮಾದರಿಯ ಸೇವೆ ಕೊಡುವವರು ಹಲವರಿದ್ದಾರೆ, ಮತ್ತು ನಾನು ಹೇಳಲಿರುವ ಬಹುಪಾಲು ಮಾತು ಯಾರನ್ನು ಆರಿಸಿಕೊಂಡರೂ ಅನ್ವಯಿಸುವಂಥದ್ದು.

ಸೇವೆಯ ಸ್ವರೂಪ ಹೀಗಿದೆ. ಮನೆಯೊಳಗೆ ನೀರು ಬರುವ ಪ್ರತಿಯೊಂದು ಪೈಪಿಗೂ ಒಂದು ಅಲ್ಟ್ರಾಸಾನಿಕ್ ಮೀಟರ್ ಜೋಡಿಸುತ್ತಾರೆ. ಭಾರತದಲ್ಲಿ ಪರವಾನಗಿ ಬೇಡದ, 865 ಮೆಗಾಹರ್ಟ್ಸ್ ಆಸುಪಾಸಿನ ತರಂಗಾಂತರದಲ್ಲಿ ಮೀಟರಿನ ಅಂಕಿಗಳು ಕಟ್ಟಡದಲ್ಲಿರುವ ಗೇಟ್‌ವೇ ಪೆಟ್ಟಿಗೆಗೆ ತಲುಪುತ್ತವೆ, ಅಲ್ಲಿಂದ ಇಂಟರ್ನೆಟ್ ಮೂಲಕ ಸಂಸ್ಥೆಯ ಸರ್ವರಿಗೆ ಹೋಗುತ್ತವೆ. ನಿವಾಸಿಗಳು ತಮ್ಮ ಬಳಕೆಯನ್ನು ಗಂಟೆಗಂಟೆಗೂ ಆ್ಯಪಿನಲ್ಲಿ ನೋಡಬಹುದು; ತಿಂಗಳ ಕೊನೆಗೆ ಮನೆವಾರು ಬಿಲ್ಲು ಸಿದ್ಧವಾಗಿ ಅಸೋಸಿಯೇಷನ್ನಿಗೆ ಬರುತ್ತದೆ. ಮೀಟರಿನ ಬೆಲೆ ಒಮ್ಮೆ, ಸೇವಾ ಶುಲ್ಕ ತಿಂಗಳಿಗೊಮ್ಮೆ, ಎರಡೂ ಪೈಪಿನ ಲೆಕ್ಕದಲ್ಲಿ.

ಈ ‘ಪೈಪಿನ ಲೆಕ್ಕ’ ಎಂಬುದೇ ಮೊದಲು ಗಮನಿಸಬೇಕಾದ ವಿಷಯ. ಹೊಸದಾಗಿ ಕಟ್ಟುತ್ತಿರುವ ಕೆಲವು ಸಮುಚ್ಚಯಗಳಲ್ಲಿ ಒಂದು ಮನೆಗೆ ಒಂದೇ ಕಡೆಯಿಂದ ನೀರು ಬಂದು ಒಳಗೆ ಕವಲೊಡೆಯುತ್ತದೆ. ಹಳೆಯ ಕಟ್ಟಡಗಳಲ್ಲಿ ಹಾಗಿಲ್ಲ. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪುಗಳು ಬೇರೆ ಬೇರೆ ಡಕ್ಟುಗಳಲ್ಲಿ ಬಂದು, ಪ್ರತಿ ಬಚ್ಚಲಿಗೊಂದು, ಅಡುಗೆಮನೆಗೊಂದು, ಬಟ್ಟೆ ಒಗೆಯುವ ಜಾಗಕ್ಕೊಂದು ಎಂದು ಪ್ರತ್ಯೇಕವಾಗಿ ಒಳಹೊಗುತ್ತವೆ. ಮೂರು ಮಲಗುವ ಕೋಣೆಗಳ ಒಂದು ಮನೆಗೆ ನಾಲ್ಕೈದು ಮೀಟರು ಬೇಕಾಗುವುದು ಹೀಗೆ. ಶುದ್ಧೀಕರಿಸಿದ ನೀರನ್ನು ಫ್ಲಶ್ಶಿಗೆ ಕೊಡುವ ಎರಡನೆಯ ಲೈನು ಇದ್ದರೆ ಅದಕ್ಕೂ ಮೀಟರ್ ಬೇಕೇ ಎಂಬ ಪ್ರಶ್ನೆ ಬೇರೆ. ಆದ್ದರಿಂದ ದರಪಟ್ಟಿಯಲ್ಲಿ ಒಂದು ಮೀಟರಿನ ಬೆಲೆ ನೋಡಿ ಒಪ್ಪಿಕೊಳ್ಳಬಾರದು. ಪ್ಲಂಬರ್ ಜೊತೆ ಡಕ್ಟುಗಳನ್ನು ತೆಗೆಸಿ ನೋಡಿ, ಪ್ರತಿ ಮಾದರಿಯ ಮನೆಗೆ ಎಷ್ಟು ಪೈಪುಗಳಿವೆ ಎಂದು ಎಣಿಸಿಕೊಂಡ ಮೇಲೆಯೇ ಮಾತುಕತೆಗೆ ಕೂರಬೇಕು. ಹೊಸ ಮನೆ ಕೊಳ್ಳುವವರು ಬಿಲ್ಡರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಈಜುಕೊಳಕ್ಕಿಂತ ಇದು ಮುಖ್ಯವೆಂದು ನನಗೆ ಅನ್ನಿಸುತ್ತದೆ.

ಮೀಟರಿನ ಗುಣಮಟ್ಟದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಾರಾಟಕ್ಕೆ ಬರುವವರು ಆ್ಯಪನ್ನು ತೋರಿಸುವಷ್ಟು ಉತ್ಸಾಹದಿಂದ ಮೀಟರನ್ನು ತೋರಿಸುವುದಿಲ್ಲ. ಹಳೆಯ ಯಾಂತ್ರಿಕ ಮೀಟರಿನೊಳಗೆ ಒಂದು ಚಿಕ್ಕ ಚಕ್ರ ನೀರಿನ ರಭಸಕ್ಕೆ ತಿರುಗುತ್ತದೆ. ನಮ್ಮ ಕೊಳವೆಬಾವಿಗಳ ಗಡಸು ನೀರಿನ ಸುಣ್ಣ ಅದರ ಮೇಲೆ ಕಟ್ಟಿಕೊಂಡು ಚಕ್ರ ನಿಧಾನವಾಗುವುದೂ ಉಂಟು. ಟ್ಯಾಂಕು ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನೊಳಗಿನ ಗಾಳಿಗೆ ಚಕ್ರ ತಿರುಗಿ, ಬಾರದ ನೀರಿಗೆ ಬಿಲ್ಲು ಬರುವುದೂ ಉಂಟು. ಅಲ್ಟ್ರಾಸಾನಿಕ್ ಮೀಟರಿನಲ್ಲಿ ತಿರುಗುವ ಭಾಗವೇ ಇಲ್ಲ. ಹರಿವಿನ ದಿಕ್ಕಿನಲ್ಲಿ ಕಳಿಸಿದ ಶಬ್ದತರಂಗ ತುಸು ಬೇಗ, ಎದುರು ದಿಕ್ಕಿನಲ್ಲಿ ಕಳಿಸಿದ್ದು ತುಸು ತಡವಾಗಿ ತಲುಪುತ್ತದೆ. ಆ ವ್ಯತ್ಯಾಸದಿಂದ ನೀರಿನ ವೇಗವನ್ನು ಲೆಕ್ಕ ಹಾಕುತ್ತದೆ. ಇಷ್ಟರಿಂದಲೇ ತೃಪ್ತರಾಗದೆ ಮೀಟರಿನ ಮೇಲೆ ‘ಆರ್’ ಅಕ್ಷರದ ಪಕ್ಕ ಬರೆದಿರುವ ಸಂಖ್ಯೆಯನ್ನು ನೋಡಬೇಕು. ಐಎಸ್‌ಒ 4064 ಎಂಬ, ನೀರಿನ ಮೀಟರುಗಳ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಮೀಟರಿನ ಖಾಯಂ ಹರಿವಿನ ಪ್ರಮಾಣವನ್ನು, ಅಂದರೆ ಅದು ಸತತವಾಗಿ ಸರಿಯಾಗಿ ಅಳೆಯಬಲ್ಲ ಗರಿಷ್ಠ ಹರಿವನ್ನು, ಆ ಸಂಖ್ಯೆಯಿಂದ ಭಾಗಿಸಿದರೆ, ಅದು ಭರವಸೆಯಿಂದ ಅಳೆಯಬಲ್ಲ ಕನಿಷ್ಠ ಹರಿವು ಸಿಗುತ್ತದೆ. ಗಂಟೆಗೆ 2,500 ಲೀಟರಿನ ಮನೆಬಳಕೆಯ ಮೀಟರಿಗೆ ಆರ್ 160 ಎಂದಿದ್ದರೆ ಆ ಕನಿಷ್ಠ ಮಿತಿ ಗಂಟೆಗೆ ಸುಮಾರು 15.6 ಲೀಟರ್, ಆರ್ 400 ಎಂದಿದ್ದರೆ 6.25 ಲೀಟರ್.

ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿಯೇ ಸೇವೆಯ ಅಸಲಿ ಬೆಲೆ ಅಡಗಿದೆ. ನಿಮಿಷಕ್ಕೆ 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ನೀರು ಸದ್ದಿಲ್ಲದೆ ಸೋರುತ್ತಿದೆ ಎಂದುಕೊಳ್ಳಿ. ಗಂಟೆಗೆ 12 ಲೀಟರ್, ದಿನಕ್ಕೆ 288 ಲೀಟರ್. ಒಳಚರಂಡಿ ವ್ಯವಸ್ಥೆಯಿರುವ ನಗರಗಳಿಗೆ ಕೇಂದ್ರ ಸರ್ಕಾರದ ಕೈಪಿಡಿ ನಿಗದಿಪಡಿಸಿರುವ ಪ್ರಮಾಣ ಒಬ್ಬರಿಗೆ ದಿನಕ್ಕೆ 135 ಲೀಟರ್. ಇಬ್ಬರಿಗೆ ಸಾಲುವಷ್ಟು ನೀರು ಯಾರೂ ಮುಟ್ಟದೆ ಚರಂಡಿ ಸೇರುತ್ತದೆ. ತಿಂಗಳಿಗೆ ಅದು 8,600 ಲೀಟರು ದಾಟುತ್ತದೆ, ಅಂದರೆ 12,000 ಲೀಟರಿನ ದೊಡ್ಡ ಟ್ಯಾಂಕರಿನಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತ ದರ ನಿಗದಿ ಮಾಡಿದಾಗ ಐದು ಕಿಲೋಮೀಟರಿನೊಳಗಿನ ಅಂಥ ಟ್ಯಾಂಕರಿಗೆ 1,000 ರೂಪಾಯಿ ಇತ್ತು. ಇಷ್ಟು ಸಣ್ಣ ಹರಿವನ್ನು ಆರ್ 160 ಮೀಟರು ನಿಖರವಾಗಿ ಅಳೆಯಬೇಕೆಂಬ ಕಟ್ಟುಪಾಡಿಲ್ಲ. ಆರ್ 400 ಅಳೆಯಲೇಬೇಕು. ನಮ್ಮ ಸಮಿತಿಯಲ್ಲಿದ್ದ ಒಬ್ಬ ನಿವೃತ್ತ ಎಂಜಿನಿಯರ್ ಹಿರಿಯರು ಹಟ ಹಿಡಿದು ಎರಡನೆಯದನ್ನೇ ತರಿಸಿದ್ದಕ್ಕೆ ನಾವೆಲ್ಲ ಅವರಿಗೆ ಋಣಿಗಳು.

ಅದರ ಫಲ ಬಹಳ ಬೇಗ ಕಾಣಿಸಿತು. ನಡುರಾತ್ರಿಯ ನಂತರ, ಬೆಳಗಿನ ಜಾವಕ್ಕೆ ಮೊದಲು, ಮನೆಯವರೆಲ್ಲ ಮಲಗಿರುವಾಗ ಮೀಟರು ಸೊನ್ನೆ ತೋರಿಸಬೇಕು. ಎರಡನೆಯ ಮಹಡಿಯ ವೃದ್ಧ ದಂಪತಿಯ ಮನೆಯಲ್ಲಿ ಹಾಗಿರಲಿಲ್ಲ. ಆ್ಯಪಿನಲ್ಲಿ ಒಂದು ಬಚ್ಚಲಿನ ಬಳಕೆಯ ಗೆರೆ ರಾತ್ರಿಯಿಡೀ ಸೊನ್ನೆಗಿಂತ ತುಸು ಮೇಲೆ, ಒಂದೇ ಮಟ್ಟದಲ್ಲಿ ಹರಿದಿತ್ತು. ನಲ್ಲಿ ಯಾವುದೂ ತೊಟ್ಟಿಕ್ಕುತ್ತಿರಲಿಲ್ಲ. ಪ್ಲಂಬರ್ ಬಂದು ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು, ಒಳಗಿನ ನೀರಿಗೆ ಚಿಟಿಕೆ ಕುಂಕುಮ ಕದಡಿದರು. ಫ್ಲಶ್ ಮಾಡದೆಯೇ ಸ್ವಲ್ಪ ಹೊತ್ತಿಗೆ ಕಮೋಡಿನ ಬಿಳಿ ಗೋಡೆಯ ಮೇಲೆ ಕೆಂಪು ಎಳೆ ಇಳಿಯತೊಡಗಿತು. ತಳದ ರಬ್ಬರ್ ಸೀಲು ಸವೆದಿತ್ತು. ಅದನ್ನು ಬದಲಾಯಿಸಿದ್ದಕ್ಕೆ ಆದ ಖರ್ಚು ಅತ್ಯಲ್ಪ. ‘ಸಾರ್, ಇದು ಎಷ್ಟು ವರ್ಷದಿಂದ ಹೀಗಿದೆಯೋ’ ಎಂದು ಪ್ಲಂಬರ್ ಹೇಳಿದ ಮಾತು ಇಡೀ ಕಟ್ಟಡಕ್ಕೇ ಅನ್ವಯಿಸುತ್ತಿತ್ತು. ಮುಂದಿನ ವಾರಗಳಲ್ಲಿ ಇದೇ ಬಗೆಯ ಸೋರಿಕೆಗಳು ಹಲವು ಮನೆಗಳಲ್ಲಿ ಸಿಕ್ಕವು, ಬೀಗ ಹಾಕಿದ್ದ ಮನೆಗಳಲ್ಲಿ ಕೂಡ.

ಈ ಅನುಭವದಿಂದ ನನಗೆ ಸ್ಪಷ್ಟವಾದದ್ದೆಂದರೆ, ಮೀಟರು ತಾನಾಗಿ ಒಂದು ಹನಿಯನ್ನೂ ಉಳಿಸುವುದಿಲ್ಲ. ಅಂಕಿಯು ರಿಪೇರಿ ಮಾಡಬಲ್ಲ ಕೈಗೆ ತಲುಪಿದ ದಿನ ಮಾತ್ರ ನೀರು ಉಳಿಯುತ್ತದೆ. ಮೊದಲಿಗೆ ಸೋರಿಕೆಯ ಎಚ್ಚರಿಕೆಗಳು ಮನೆಯ ಮಾಲೀಕರ ಮೊಬೈಲಿಗೆ ಹೋಗುತ್ತಿದ್ದವು. ಅವರಲ್ಲಿ ಹಲವರು ಬೇರೆ ಊರಿನಲ್ಲಿದ್ದಾರೆ, ಮನೆಯಲ್ಲಿರುವವರು ಬಾಡಿಗೆದಾರರು. ಎಚ್ಚರಿಕೆಗಳನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ವಾಸವಿರುವವರಿಗೂ ಕಟ್ಟಡದ ಮ್ಯಾನೇಜರಿಗೂ ಒಟ್ಟಿಗೆ ಹೋಗುವಂತೆ ಮಾಡಿಸಿಕೊಂಡ ನಂತರವೇ ಸೇವೆ ಉಪಯೋಗಕ್ಕೆ ಬಂದದ್ದು. ಆ ಬದಲಾವಣೆಗೆ ಸಂಸ್ಥೆ ತೆಗೆದುಕೊಂಡ ಸಮಯ ನನಗೆ ಸಮಾಧಾನ ತಂದಿಲ್ಲ. ದೂರು ದಾಖಲಾಗುತ್ತದೆ, ಸಂಖ್ಯೆ ಬರುತ್ತದೆ, ಆಮೇಲೆ ನಾವೇ ಬೆನ್ನು ಬೀಳಬೇಕು.

ಆ್ಯಪಿನ ಬಗ್ಗೆ ನನ್ನ ದೊಡ್ಡ ಆಕ್ಷೇಪ ಭಾಷೆಯದು. ಕಟ್ಟಡದಲ್ಲಿ ವಾಲ್ವು ತಿರುಗಿಸುವವರು, ಸಂಪಿನ ಮಟ್ಟ ನೋಡುವವರು, ಮೋಟಾರು ಹಾಕುವವರು ಕನ್ನಡ ಓದುವವರು. ಅವರಿಗೆ ಬೇಕಾದ ಮಾಹಿತಿ ಪೂರ್ತಿಯಾಗಿ ಇಂಗ್ಲಿಷಿನಲ್ಲಿದೆ. ‘ಈ ಮನೆಯ ಈ ಬಚ್ಚಲಿನಲ್ಲಿ ರಾತ್ರಿ ನೀರು ಸೋರುತ್ತಿದೆ’ ಎಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ಕಳಿಸುವುದು ತಂತ್ರಜ್ಞಾನದ ದೃಷ್ಟಿಯಿಂದ ಕಷ್ಟದ ಕೆಲಸವೇನಲ್ಲ, ಅದನ್ನು ಯಾರೂ ಅಗತ್ಯವೆಂದು ಭಾವಿಸಿಲ್ಲ ಅಷ್ಟೆ. ಸದ್ಯಕ್ಕೆ ಮ್ಯಾನೇಜರು ಪ್ರತಿ ಬೆಳಿಗ್ಗೆ ಓದಿ ಹೇಳುತ್ತಾರೆ. ಅವರು ರಜೆ ಹಾಕಿದ ದಿನ ಆ ಕೊಂಡಿ ಕಳಚುತ್ತದೆ.

ಸಿಗ್ನಲ್ಲಿನ ತೊಂದರೆಯೂ ಇದೆ, ಆದರೆ ಅದು ಸಹಿಸಬಹುದಾದದ್ದು. ಕಾಂಕ್ರೀಟ್ ಡಕ್ಟಿನೊಳಗಿನ ಕೆಲವು ಮೀಟರುಗಳು ಆಗಾಗ ಮೌನವಾಗುತ್ತವೆ. ಒಟ್ಟು ಅಂಕಿ ಮೀಟರಿನೊಳಗೆ ಉಳಿದಿರುವುದರಿಂದ ಬಿಲ್ಲಿಗೆ ಧಕ್ಕೆಯಿಲ್ಲ.

ಬಿಲ್ಲಿನ ವಿಷಯದಲ್ಲಿ ತಂತ್ರಜ್ಞಾನಕ್ಕಿಂತ ಸಾಮಾನ್ಯ ಸಭೆಯೇ ಹೆಚ್ಚು ಕೆಲಸ ಮಾಡಬೇಕಾಯಿತು. ಜಲಮಂಡಳಿಯು 2025ರ ಏಪ್ರಿಲಿನಲ್ಲಿ ದರ ಪರಿಷ್ಕರಿಸುವವರೆಗೆ, ಬಿಡಿ ಮನೆಗಳಿಗೆ ಮೊದಲ 8,000 ಲೀಟರಿಗೆ ಕಿಲೋಲೀಟರಿಗೆ 7 ರೂಪಾಯಿಯಂತೆ ಆರಂಭವಾಗಿ, 50,000 ಲೀಟರು ಮೀರಿದರೆ 45 ರೂಪಾಯಿಗೆ ಏರುವ ಹಂತಗಳಿದ್ದವು. ಅಂಥ ಹಂತಗಳನ್ನೇ ನಮ್ಮಲ್ಲೂ ತರೋಣವೆಂದು ಸಂಸ್ಥೆಯವರು ಒಂದು ಸಿದ್ಧ ಮಾದರಿ ಕೊಟ್ಟರು. ಅದರಲ್ಲಿ ಮನೆಗಿಷ್ಟೆಂದು ಮಿತಿ ಇತ್ತೇ ಹೊರತು ಆ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬ ಪ್ರಶ್ನೆಯೇ ಇರಲಿಲ್ಲ. ಅಜ್ಜ, ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು ಇರುವ ಮನೆ ತಲೆಗೆ 100 ಲೀಟರಿನಲ್ಲಿ ಬದುಕಿದರೂ ದಿನಕ್ಕೆ 600 ಲೀಟರು ಬೇಕು. ಒಬ್ಬರೇ ಇರುವ ಮನೆ 300 ಲೀಟರು ಚೆಲ್ಲಿದರೂ ಅಗ್ಗದ ಹಂತದಲ್ಲಿಯೇ ಉಳಿಯುತ್ತದೆ. ಮಿತವ್ಯಯಕ್ಕೆಂದು ತಂದ ದರ ಕೂಡು ಕುಟುಂಬಕ್ಕೆ ದಂಡವಾಗಬಾರದು. ಬಹಳ ಚರ್ಚೆಯ ನಂತರ ತಲಾ 135 ಲೀಟರಿನವರೆಗೆ ಒಂದು ದರ, ಅದರ ಮೇಲೆ ಟ್ಯಾಂಕರ್ ನೀರಿನ ದರ ಎಂದು ಒಪ್ಪಿಕೊಂಡೆವು. ಇದನ್ನು ಸಾಫ್ಟ್‌ವೇರಿನಲ್ಲಿ ಅಳವಡಿಸಿಕೊಡಲು ಸಂಸ್ಥೆ ಮೊದಮೊದಲು ಹಿಂಜರಿದರೂ ಕೊನೆಗೆ ಮಾಡಿಕೊಟ್ಟಿತು. ಅದಕ್ಕೆ ಮೆಚ್ಚುಗೆ ಸಲ್ಲಬೇಕು.

ಹೆಚ್ಚುವರಿ ಹಣ ಕೊಟ್ಟರೆ ದೂರದಿಂದಲೇ ಮುಚ್ಚಬಲ್ಲ ವಾಲ್ವನ್ನೂ ಹಾಕಿಕೊಡುತ್ತಾರೆ. ಊರಿಗೆ ಹೋದಾಗ ಪೈಪು ಒಡೆದರೆ ಮೊಬೈಲಿನಿಂದಲೇ ನಿಲ್ಲಿಸಬಹುದೆಂಬುದು ನಿಜವಾದ ಅನುಕೂಲ. ಆದರೆ ಬಾಕಿ ಕಟ್ಟದವರ ನೀರು ನಿಲ್ಲಿಸಲು ಅಸೋಸಿಯೇಷನ್ನಿಗೂ ಆ ಅಧಿಕಾರ ಕೊಡುವ ಗುಂಡಿ ಅದೇ ಆ್ಯಪಿನಲ್ಲಿದೆ. ನೀರನ್ನು ವಸೂಲಿಯ ಸಾಧನ ಮಾಡಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ನಾವು ವಾಲ್ವನ್ನು ತೆಗೆದುಕೊಳ್ಳಲಿಲ್ಲ. ಮನೆಯ ಗಂಟೆಗಂಟೆಯ ಬಳಕೆಯನ್ನು ಸಮಿತಿಯ ಸದಸ್ಯರೆಲ್ಲ ನೋಡುವ ಸೌಲಭ್ಯವನ್ನೂ ಮುಚ್ಚಿಸಿದೆವು. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಮನೆ ಖಾಲಿಯಿದೆ ಎಂಬುದನ್ನೆಲ್ಲ ನೀರಿನ ಗೆರೆಯೇ ಹೇಳಿಬಿಡುತ್ತದೆ. ಈಗ ಸಮಿತಿಗೆ ಕಾಣುವುದು ತಿಂಗಳ ಮೊತ್ತ ಮತ್ತು ಸೋರಿಕೆಯ ಎಚ್ಚರಿಕೆ ಮಾತ್ರ.

ನೀರಿನ ಜೊತೆಗೆ ಉಳಿಯುವ ವಿದ್ಯುತ್ತನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಕಿಲೋಲೀಟರ್ ನೀರನ್ನು 100 ಮೀಟರ್ ಮೇಲೆತ್ತಲು, ಪಂಪಿನ ನಷ್ಟವನ್ನು ಬಿಟ್ಟರೂ, 0.27 ಯೂನಿಟ್ ವಿದ್ಯುತ್ತು ಬೇಕೇ ಬೇಕು. ಕಾವೇರಿಯ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಮೇಲೇರಿ, ಸುಮಾರು 100 ಕಿಲೋಮೀಟರ್ ದಾರಿ ಸವೆಸಿ ನಮ್ಮ ಸಂಪಿಗೆ ಬರುತ್ತದೆ. ಸಂಪಿನಿಂದ ತಾರಸಿಗೆ ಇನ್ನೊಮ್ಮೆ ಏರುತ್ತದೆ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ನೀರು ಸರಬರಾಜು ಯೋಜನೆಯ ಐದನೆಯ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ತರುವ ವ್ಯವಸ್ಥೆ ಆಗಿರುವುದು ಸಂತೋಷವೇ, ಆದರೆ ಅದರ ಪ್ರತಿ ಲೀಟರೂ ಕರೆಂಟು ಖರ್ಚು ಮಾಡಿಯೇ ಬರುತ್ತದೆ. ಸವೆದ ರಬ್ಬರ್ ಸೀಲಿನಿಂದ ಚರಂಡಿಗೆ ಇಳಿಯುವ ನೀರಿನಲ್ಲಿ ಆ ವಿದ್ಯುತ್ತೂ ಹೋಗುತ್ತದೆ, ಕೊನೆಗೆ ಅದೇ ನೀರನ್ನು ಶುದ್ಧೀಕರಿಸಲು ನಮ್ಮ ಘಟಕ ಮತ್ತೆ ಮೋಟಾರು ಓಡಿಸಬೇಕಾಗುತ್ತದೆ.

ಒಟ್ಟಿನಲ್ಲಿ ಹಾಕಿಸಬಹುದೇ ಎಂದು ಕೇಳಿದರೆ, ಟ್ಯಾಂಕರಿಗೆ ಹಣ ಸುರಿಯುತ್ತಿರುವ, ಮನೆಗೆ ಒಂದೆರಡೇ ಪೈಪುಗಳಿರುವ ಸಮುಚ್ಚಯಗಳು ಹಿಂಜರಿಯದೆ ಹಾಕಿಸಲಿ. ಮನೆಗೆ ಐದಾರು ಪೈಪುಗಳಿದ್ದು ಕಾವೇರಿ ನೀರು ಸಾಕಷ್ಟು ಬರುವ ಕಡೆ, ಮೊದಲು ಪ್ರತಿ ಬ್ಲಾಕಿನ ಟ್ಯಾಂಕಿಗೆ ಒಂದೊಂದು ಮೀಟರು ಹಾಕಿ ರಾತ್ರಿಯ ಸೋರಿಕೆ ಹಿಡಿಯುವುದು ಕಡಿಮೆ ಖರ್ಚಿನ ದಾರಿ. ಒಪ್ಪಂದಕ್ಕೆ ಸಹಿ ಹಾಕುವಾಗ ಮೂರು ಷರತ್ತುಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಸಂಸ್ಥೆ ಬದಲಾಯಿಸಿದರೂ ಮೀಟರು ಬೇರೆಯವರ ಸಾಫ್ಟ್‌ವೇರಿನಲ್ಲಿ ಕೆಲಸ ಮಾಡಬೇಕು, ಹಿಂದಿನ ಅಂಕಿಗಳೆಲ್ಲ ಅಸೋಸಿಯೇಷನ್ನಿನ ಸ್ವತ್ತಾಗಿರಬೇಕು, ಬ್ಯಾಟರಿ ಹೇಳಿದ ಅವಧಿಗೆ ಮೊದಲೇ ಸತ್ತರೆ ಮೀಟರನ್ನು ಉಚಿತವಾಗಿ ಬದಲಾಯಿಸಿಕೊಡಬೇಕು. ಮೊದಲನೆಯ ಷರತ್ತು ನಮ್ಮ ಒಪ್ಪಂದದಲ್ಲಿಲ್ಲ, ನವೀಕರಣದ ಹೊತ್ತಿಗೆ ಅದನ್ನು ಕೇಳಲಿದ್ದೇವೆ. ಅದರ ಜೊತೆಗೆ ಕನ್ನಡದ ಎಚ್ಚರಿಕೆಯನ್ನೂ ಕೊಟ್ಟರೆ, ಇದೇ ಸಂಸ್ಥೆಯನ್ನು ಮುಂದುವರಿಸಲು ಸಾಮಾನ್ಯ ಸಭೆಯಲ್ಲಿ ನನ್ನ ಮತ ಇದೆ.